ರುಕೆ ಅನ್ನೋ ಇಟಲಿ ಕೆಂಪು ದ್ರಾಕ್ಷಿ ನಮ್ಮ ಬೀದರ್ ಕೆಮ್ಮಣ್ಣಿಗೆ ಒಗ್ತದೇನು?

ಹುಮನಾಬಾದ್_ಕೆಮ್ಮಣ್ಣು:
ಶರಣ್ರಿ ಎಲ್ಲರಿಗೂ. ಇಟಲಿಯ ಪಿಯೆಮಾಂಟ್ ಸೀಮೆದಾಗ ರುಕೆ ಅನ್ನೋ ವೈನ್ ದ್ರಾಕ್ಷಿ ಕಣ್ಮರೆ ಆಗೋ ಹಂತಕ್ಕ ಬಂದು ಮತ್ತ ಎದ್ದು ನಿಂತದಂತ. ಇಲ್ಲಿ ಎರಡು ಎಕರೆ ಕೆಮ್ಮಣ್ಣು, ಬೋರ್, ಡ್ರಿಪ್ ಅವ. ಸುತ್ತಮುತ್ತ ಎಲ್ಲಾ ಥಾಮ್ಸನ್, ಅಂದ್ರ ಬೀಜ ಇಲ್ಲದ ತಿನ್ನೋ ದ್ರಾಕ್ಷಿ. ರುಕೆ ಕಡ್ಡಿ ತರಿಸಬಹುದೇನು? ತಂದ್ರ ನಮ್ಮ ಬಿಸಿಲಿಗೆ ನಿಲ್ತದೇನು? ಥಾಮ್ಸನ್‌ಗೆ ಮಾಡೋದನ್ನೇ ಇದಕ್ಕೂ ಮಾಡಿದ್ರ ನಡೀತದೇನು?

ಕಲಬುರಗಿ_ತೋಟ:
ಮೊದಲು ತಳಿಯ ಬಗ್ಗೆ. ಇಂಗ್ಲಿಷ್ ಅಕ್ಷರ ನೋಡಿ 'ರುಚೆ' ಅನ್ನುವವರಿದ್ದಾರೆ. ಅದು ರುಕೆ, ಕೊನೆಯ ಅಕ್ಷರಕ್ಕೆ ಒತ್ತು. ಆಸ್ಟಿ ಪ್ರಾಂತದ ಕಸ್ತಾನ್ಯೋಲೆ ಮೊನ್ಫೆರ್ರಾತೊ ಮತ್ತು ಅದರ ಸುತ್ತಲಿನ ಆರು ಊರು, ಅಷ್ಟೇ ಅದರ ಸೀಮೆ. ಬಾರ್ಬೆರಾ, ಗ್ರಿನ್ಯೊಲಿನೊ ಎಂಬ ಬೇರೆ ದ್ರಾಕ್ಷಿಗಳ ಸಾಲುಗಳ ನಡುವೆ ಅಲ್ಲೊಂದು ಇಲ್ಲೊಂದು ಬಳ್ಳಿ ಉಳಿದುಕೊಂಡಿತ್ತು. 1964ರಲ್ಲಿ ಆ ಊರಿನ ಚರ್ಚಿಗೆ ಬಂದ ಪಾದ್ರಿ ಜಾಕೊಮೊ ಕೌದಾ ಚರ್ಚಿನ ಜಮೀನಿನಲ್ಲಿದ್ದ ಈ ಬಳ್ಳಿಗಳನ್ನು ಹೆಚ್ಚಿಸಿದರು, ಹಣ್ಣು ಬೇರೆ ಕೊಯ್ದು ಬೇರೆಯಾಗಿಯೇ ಹುದುಗಿಸಿ ಬಾಟಲಿ ಮಾಡಿದರು. ಇಡೀ ಕೆಲಸದಲ್ಲಿ ದೊಡ್ಡದು ಈ 'ಬೇರೆ' ಇಟ್ಟದ್ದು. ಬೆರಕೆಯಲ್ಲಿ ಕರಗುತ್ತಿದ್ದಷ್ಟು ದಿನ ಹೊರಗಿನವರಿಗೆ ಅದರ ಹೆಸರೂ ತಿಳಿದಿರಲಿಲ್ಲ. 1987ರಲ್ಲಿ ಡಿಒಸಿ (ವೈನ್ ಹುಟ್ಟಿದ ಸೀಮೆಯನ್ನು ಖಾತರಿಪಡಿಸುವ ದರ್ಜೆ) ಮಾನ್ಯತೆ, 2010ರಲ್ಲಿ ಇಟಲಿಯ ಅತಿ ಎತ್ತರದ ದರ್ಜೆಯಾದ ಡಿಒಸಿಜಿ ಸಿಕ್ಕಿತು. ಬಾಟಲಿಯಲ್ಲಿ ಕನಿಷ್ಠ ಶೇ 90 ರುಕೆ ಇರಬೇಕು, ಉಳಿದದ್ದು ಬಾರ್ಬೆರಾ ಅಥವಾ ಬ್ರಾಕೆತ್ತೊ.

ಗುಲಾಬಿಯ ವಾಸನೆ, ಬೆನ್ನಿಗೇ ಕರಿಮೆಣಸಿನ ಘಾಟು, ಅದು ಇದರ ಗುರುತು. ಡಿಎನ್ಎ ಪರೀಕ್ಷೆಯಲ್ಲಿ ತಂದೆತಾಯಿ ಗೊತ್ತಾಗಿವೆ: ಕ್ರೊಯಾಟಿನಾ ಎಂಬ ಕೆಂಪು ದ್ರಾಕ್ಷಿ, ಪಾರ್ಮಾದ ಸುಗಂಧದ ಬಿಳಿ ಮಾಲ್ವಾಸಿಯಾ. ಕೆಂಪು ವೈನಿಗೆ ಹೂವಿನ ಪರಿಮಳ ಬಂದದ್ದು ಆ ಬಿಳಿ ದ್ರಾಕ್ಷಿಯ ಕಡೆಯಿಂದ.

ಆಳಂದ_ಚಾಟ್ನಿ:
ಅಣ್ಣಾರ, ರುಕೆ ಹಚ್ಚಬ್ಯಾಡ್ರಿ. ಅದು ಹುಟ್ಟಾ ಹುಳಿ ಕಮ್ಮಿ ಇರೋ ತಳಿ. ಅಲ್ಲಿ ಸೆಪ್ಟೆಂಬರ್ ಕಟಾವು, ರಾತ್ರಿ ತಂಪು, ಹಂಗಾಗಿ ಇರೋ ಹುಳಿ ಉಳೀತದ. ನಮ್ಮಲ್ಲಿ ಹಣ್ಣು ಮಾಗೋದು ಫೆಬ್ರುವರಿ, ಮಾರ್ಚ್. ಬಿಸಿಲು ಏರಿದಂಗ ಹಣ್ಣಿನೊಳಗಿನ ಮ್ಯಾಲಿಕ್ ಆಮ್ಲ ಉಸಿರಾಟದಾಗೇ ಸುಟ್ಟು ಹೋಗ್ತದ. ಸಕ್ಕರಿ 24 ಬ್ರಿಕ್ಸ್ (ರಸದಾಗ ಸುಮಾರು ಶೇ 24 ಸಕ್ಕರಿ) ಮುಟ್ಟೋದ್ರೊಳಗ ಪಿಎಚ್ (ಈ ಅಂಕಿ ಏರಿದಷ್ಟೂ ಹುಳಿ ಕಮ್ಮಿ) 3.8 ದಾಟ್ತದ, ವೈನ್ ಸಪ್ಪಗ ಬರ್ತದ, ಕೆಡೋದೂ ಲಗೂ. ಲೆಕ್ಕ ನೋಡ್ರಿ: ಪಿಎಚ್ 3.4 ಇದ್ದಾಗ ಲೀಟರಿಗೆ 20 ಮಿ.ಗ್ರಾಂ ಮುಕ್ತ ಗಂಧಕದ ಡೈಆಕ್ಸೈಡ್ (ವೈನ್ ಕೆಡದಂಗ ಹಾಕೋದು) ಮಾಡೋ ರಕ್ಷಣೆಗೆ 3.8ರಾಗ ಸುಮಾರು 50 ಬೇಕು. ಟಾರ್ಟಾರಿಕ್ ಆಮ್ಲ ಹಾಕಿ ಸರಿ ಮಾಡ್ತಾರ, ಲೀಟರಿಗೆ 1 ಗ್ರಾಂ ಹಾಕಿದ್ರ ಪಿಎಚ್ ಸುಮಾರು 0.1 ಇಳೀತದ. ಆದ್ರ 4 ಗ್ರಾಂ ಹಾಕಿದ ವೈನಿನ ಹುಳಿ ನಾಲಿಗಿಗಿ ಬ್ಯಾರೇನೇ ಚುಚ್ತದ, ಗುಲಾಬಿ ವಾಸನಿ ಹಿಂದ ಬೀಳ್ತದ.

ಕಡ್ಡಿ ವಿಷಯ: ಬ್ಯಾಗಿನಾಗ ಇಟಗೊಂಡು ಬರೋ ಮಾಲಲ್ಲ. 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಆಮದು ಪರ್ಮಿಟ್, ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ, ಬಂದ ಮ್ಯಾಲೆ ಪ್ರತ್ಯೇಕ ಇಟ್ಟು ನಿಗಾ, ಇಷ್ಟೂ ಬೇಕು. ಕಳ್ಳದಾರಿಲೆ ಬಂದ ಒಂದು ಕಡ್ಡಿಯೊಳಗಿನ ವೈರಸ್ ಇಡೀ ಸೀಮಿ ತೋಟ ಹಾಳು ಮಾಡ್ತದ, ದಯವಿಟ್ಟು ಅದರ ಗೋಜಿಗೆ ಹೋಗಬ್ಯಾಡ್ರಿ.

ಇಟಲಿ ತಳಿನೇ ಬೇಕಂದ್ರ ಸಾಂಜೊವೇಸೆ ನೋಡ್ರಿ. ಹುಳಿ ಗಟ್ಟಿ, ನಮ್ಮ ಮಗ್ಗಲಿನ ಸೊಲ್ಲಾಪುರ ಜಿಲ್ಲಾ ಅಕ್ಲೂಜ್‌ದಾಗ ಫ್ರತೆಲ್ಲಿ ವೈನರಿಯವರು ಬೆಳದು ವೈನ್ ಮಾಡ್ತಾರ. ಸಸಿ ದೇಶದೊಳಗೇ ಸಿಗ್ತದ. ಪುಣೆ ಹತ್ರ ಮಾಂಜರಿಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರದಾಗ ಒಮ್ಮೆ ವಿಚಾರಿಸ್ರಿ.

ಹುಮನಾಬಾದ್_ಕೆಮ್ಮಣ್ಣು:
ತಿಳೀತ್ರಿ. ಸಾಂಜೊವೇಸೆನೇ ಇಡೋಣ. ಕೊನಿಗಿ ಸಕ್ಕರಿ ಬರಲಿ ಅಂತ ಥಾಮ್ಸನ್‌ಗೆ 0-0-50 ಪೊಟ್ಯಾಷ್ ಗೊಬ್ಬರ ಬಿಡ್ತೀವಲ್ಲ, ಇದಕ್ಕೂ ಬಿಡಬೇಕೇನು? ಕಸಿ ಕಟ್ಟೋ ಬುಡಕ್ಕ ಡಾಗ್ರಿಜ್ ಬೇರುತಳಿ ನಡೀತದೇನು?

ಆಳಂದ_ಚಾಟ್ನಿ:
ಎರಡೂ ಬ್ಯಾಡ. ಇಲ್ಲೇ ಬಾಳ ಮಂದಿ ತಪ್ಪೋದು. ಪೊಟ್ಯಾಷ್ ಹೆಚ್ಚಾದ್ರ ಹಣ್ಣಿನಾಗಿನ ಟಾರ್ಟಾರಿಕ್ ಆಮ್ಲ ಅದರ ಜೋಡಿ ಕೂಡಿ ಉಪ್ಪಾಗಿ ತಳಕ್ಕ ಕೂಡ್ತದ, ಪಿಎಚ್ ಮ್ಯಾಲೆ ಹೋಗ್ತದ. ಡಾಗ್ರಿಜ್ ಬೇರು ಮಣ್ಣಿನಾಗಿನ ಪೊಟ್ಯಾಷ್ ಜೋರು ಎಳೀತದ, ಬಳ್ಳಿನೂ ಸೊಕ್ಕಿ ಬೆಳೀತದ. ವೈನಿಗೆ 110ಆರ್ ಬುಡದ ಮ್ಯಾಲೆ ಕಸಿ ಮಾಡಿದ ಸಸಿ ತರ್ರಿ. ಎಲಿ ತೊಟ್ಟಿನ ಪರೀಕ್ಷಾದಾಗ ಕೊರತಿ ಕಂಡ್ರ ಮಾತ್ರ ಪೊಟ್ಯಾಷ್. ಕಾಳು ಉಬ್ಬಿಸೋ ಜಿಎ (ಜಿಬ್ಬರೆಲಿಕ್ ಆಮ್ಲ) ಮುಟ್ಟಲೇಬ್ಯಾಡ್ರಿ: ಬಣ್ಣ, ಒಗರು, ವಾಸನಿ ಎಲ್ಲಾ ಸಿಪ್ಪಿದಾಗ, ಕಾಳು ಸಣ್ಣದಿದ್ದಷ್ಟೂ ಸಿಪ್ಪಿ ಪಾಲು ಹೆಚ್ಚು.

ಅಂತರ 2.5 ಮೀಟರ್‌ಗೆ 1.2 ಮೀಟರ್, ಎಕರೆಗೆ ಸುಮಾರು 1,350 ಬಳ್ಳಿ. ಮಂಟಪ (ಮ್ಯಾಲೆ ಹಬ್ಬಿಸೋ ಚಪ್ಪರ) ಬ್ಯಾಡ, ನೆಟ್ಟಗ ನಿಲ್ಲಿಸೋ ತಂತಿ, ಸಾಲು ಉತ್ತರ-ದಕ್ಷಿಣ. ಗೊನಿ ಹತ್ರ ಎಲಿ ತೆಗಿಯೋದು ಮೂಡಣ ಮಗ್ಗಲಿಗಿ ಮಾತ್ರ. ಪಡುವಣ ಕಡಿ ಬೋಳು ಮಾಡಿದ್ರ ಮಧ್ಯಾಹ್ನದ ಬಿಸಿಲಿಗಿ ಕಾಳು ಸುಟ್ಟು ಮುದುಡ್ತಾವ.

ಕಲಬುರಗಿ_ತೋಟ:
ಚಾಟ್ನಿ, ಅಂದರೆ ಬಳ್ಳಿ ಸವರುವ ದಿನಾಂಕ ಸೇರಿಸುತ್ತೇನೆ. ನಮ್ಮ ಸೀಮೆಯಲ್ಲಿ ಸೆಪ್ಟೆಂಬರ್ ಮಳೆ ಜೋರು. ಆಗ ಚಾಟ್ನಿ ಮಾಡಿದರೆ ಎಳೆ ಚಿಗುರಿಗೆ ಡೌನಿ ಬೂಜು ರೋಗ ಬಡಿಯುತ್ತದೆ. ನವೆಂಬರ್‌ಗೆ ತಳ್ಳಿದರೆ ಹಣ್ಣು ಸುಡು ಬಿಸಿಲಿಗೆ ಸಿಗುತ್ತದೆ. ಅಕ್ಟೋಬರ್ 15ರ ಆಚೆ ಈಚೆ ಸರಿ.

ಕಟಾವಿಗೆ ಬ್ರಿಕ್ಸ್ ಮೀಟರ್ ಒಂದನ್ನೇ ನಂಬಬೇಡಿ. ತೋಟದ ಬೇರೆ ಬೇರೆ ಕಡೆಯಿಂದ 100 ಕಾಳು ಕಿತ್ತು ಹಿಂಡಿ, ಸಕ್ಕರೆ, ಪಿಎಚ್ ಎರಡೂ ನೋಡಿ, ಪಿಎಚ್ 3.5 ಆದಾಗ ಕೊಯ್ಯುವ ತಯಾರಿ ಇರಲಿ. ಬೀಜ ಉಗಿದು ನೋಡಿ, ಕಡಿದು ನೋಡಿ. ಹಸಿರಿದ್ದರೆ ಮೆತ್ತಗೆ, ಬಾಯೆಲ್ಲ ಕಹಿ. ಮಾಗಿದ್ದು ಕಂದು ಬಣ್ಣಕ್ಕೆ ತಿರುಗಿ ಹುರಿಗಡಲೆ ಥರ ಕಟಕ್ ಅನ್ನುತ್ತದೆ. ಕೊಯ್ಲು ಬೆಳಗಿನ ಜಾವ ಮುಗಿಯಬೇಕು, 20 ಕೆಜಿ ಕ್ರೇಟ್‌ಗಿಂತ ದೊಡ್ಡದು ಬೇಡ, ತಳದ ಹಣ್ಣು ಒಡೆದು ಗಾಡಿಯಲ್ಲೇ ಹುದುಗು ಹಿಡಿಯುತ್ತದೆ.

ಇನ್ನೊಂದು, ಸಸಿಗೆ ದುಡ್ಡು ಕೊಡುವ ಮೊದಲೇ: ಬೀಜ ತುಂಬಿದ ಈ ಸಣ್ಣ ಕಾಳನ್ನು ಸಂತೆಯಲ್ಲಿ ಕೇಳುವವರಿಲ್ಲ, ಒಣದ್ರಾಕ್ಷಿಗೂ ಬರುವುದಿಲ್ಲ. ಅಬಕಾರಿ ಪರವಾನಗಿ ಇಲ್ಲದೆ ನೀವೇ ವೈನ್ ಮಾಡುವಂತೆಯೂ ಇಲ್ಲ. ವೈನರಿ ಜೊತೆ ಬರಹದಲ್ಲಿ ಕರಾರು ಆಗಲಿ. ಕೆಜಿ ದರ, ಎಷ್ಟು ಬ್ರಿಕ್ಸ್, ಎಷ್ಟು ಪಿಎಚ್, ಸಾಗಣೆ ಯಾರ ಲೆಕ್ಕ, ಎಲ್ಲ ಅದರಲ್ಲಿ ಇರಲಿ. ನಿಮ್ಮ ಹಣ್ಣನ್ನು ಬೇರೆ ಟ್ಯಾಂಕಿನಲ್ಲಿ ಹುದುಗಿಸುತ್ತಾರಾ ಅಂತಲೂ ಕೇಳಿ.