ಒರಟು ಮರದ ಕೈಕೆಲಸ: ಮರ ಸೀಳದಿರಲು, ದುಡ್ಡು ಉಳಿಯಲು ಏನು ಮಾಡಬೇಕು?

ಕೇಳಿದ್ದು

ನಮಸ್ಕಾರ. ತೊಗಟೆ ಉಳಿಸಿಕೊಂಡ ಹಲಗೆ, ಕೊಂಬೆಯ ಬಿಲ್ಲೆ, ಹಳೆಯ ಬಾಗಿಲು ಮತ್ತು ಪೆಟ್ಟಿಗೆಗಳ ಮರ, ಇವುಗಳಿಂದ ಗೋಡೆ ಗಡಿಯಾರ, ಟ್ರೇ, ಗೂಟದ ಹಲಗೆ, ಸಣ್ಣ ಶೆಲ್ಫ್ ಮಾಡಿ ಮಾರುತ್ತೇನೆ. ಬಿಡುವಿನ ವೇಳೆಯಲ್ಲಿ ಶುರುವಾದ ಕೆಲಸ. ಈಗ ಆರ್ಡರ್ ಬರುತ್ತಿರುವುದರಿಂದ ಪೂರ್ತಿ ಇದನ್ನೇ ಹಿಡಿಯೋಣ ಅಂತಿದ್ದೇನೆ. ತೊಡಕು ಎರಡು. ಗಿರಾಕಿಯ ಮನೆ ಸೇರಿದ ಮೇಲೆ ಕೆಲವು ಬಿಲ್ಲೆಗಳು ನಡುವಿನಿಂದ ಅಂಚಿನವರೆಗೆ ಸೀಳುತ್ತಿವೆ. ಇನ್ನೊಂದು, ದಿನವಿಡೀ ದುಡಿದರೂ ಕೈಯಲ್ಲಿ ಏನೂ ಉಳಿಯುತ್ತಿಲ್ಲ. ಈ ಕೆಲಸದಲ್ಲಿ ಪಳಗಿದವರು ಮರ, ಬೆಲೆ, ಗಿರಾಕಿ ಯಾವುದರ ಬಗ್ಗೆಯಾದರೂ ಸರಿ, ನಿಮ್ಮ ಅನುಭವ ಹೇಳಿ.

ಮೇಜು, ಬೆಂಚು ಮಾಡುವವರು

ನಿಮ್ಮ ಎರಡೂ ತೊಡಕಿಗೆ ಮೂಲ ಒಂದೇ ಅನ್ನಿಸುತ್ತದೆ. ಮರ ಒಣಗಲು ಹಿಡಿಯುವ ಕಾಲವನ್ನು ಮರಕ್ಕೂ ಕೊಡುತ್ತಿಲ್ಲ, ಬೆಲೆಯಲ್ಲೂ ಹಿಡಿಯುತ್ತಿಲ್ಲ. ಬೆಲೆಯ ಮಾತು ಇಲ್ಲಿ ಬೇರೆಯವರು ನನಗಿಂತ ಚೆನ್ನಾಗಿ ಹೇಳುತ್ತಾರೆ. ನಾನು ಮರದ ಮಾತಷ್ಟೇ ಆಡುತ್ತೇನೆ.

ಹಸಿ ಮರದ ತೇವ ಸುಮಾರು ಶೇ. 30ಕ್ಕೆ ಇಳಿಯುವವರೆಗೆ ಅದರ ತೂಕ ಇಳಿಯುತ್ತದೆಯೇ ಹೊರತು ಅಳತೆ ಬದಲಾಗುವುದಿಲ್ಲ. ಕುಗ್ಗುವುದು ಶುರುವಾಗುವುದೇ ಅಲ್ಲಿಂದ ಕೆಳಗೆ. ಅದೂ ಎಲ್ಲ ದಿಕ್ಕಿಗೂ ಒಂದೇ ಸಮ ಅಲ್ಲ. ನಡುವಿನ ತಿರುಳಿನಿಂದ ತೊಗಟೆಯ ಕಡೆಗೆ ಎಷ್ಟು ಕುಗ್ಗುತ್ತದೋ, ಉಂಗುರಗಳ ಗುಂಟ ಅದರ ಹೆಚ್ಚುಕಡಿಮೆ ಎರಡು ಪಟ್ಟು ಕುಗ್ಗುತ್ತದೆ. ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕೇ ಇಲ್ಲ. ದುಂಡು ಬಿಲ್ಲೆಯಲ್ಲಿ ಇದರ ಫಲ ಏನೆಂದರೆ, ಸುತ್ತಳತೆ ಬಹಳ ಕುಗ್ಗಬೇಕು, ಆದರೆ ಒಳಗಿನ ಮರ ಅಷ್ಟು ಜಾಗ ಬಿಡುವುದಿಲ್ಲ. ಕೊನೆಗೆ ಎಲ್ಲೋ ಒಂದು ಕಡೆ ಬಾಯಿ ಬಿಡಲೇಬೇಕು. ಪಾಲಿಶ್ ಎಷ್ಟು ಬಳಿದರೂ ಈ ಎಳೆದಾಟ ನಿಲ್ಲುವುದಿಲ್ಲ, ಸೀಳುವ ದಿನ ಮುಂದೆ ಹೋಗುತ್ತದೆ, ಅಷ್ಟೇ. ನಿಮ್ಮ ಮನೆಯಲ್ಲಿ ಸರಿಯಿದ್ದದ್ದು ಗಿರಾಕಿಯ ಮನೆಯಲ್ಲಿ ಸೀಳಿತು ಎಂದರೆ ನಿಮ್ಮ ಕೈ ದಾಟುವಾಗ ಅದಿನ್ನೂ ಹಸಿಯಿತ್ತು, ಇಲ್ಲವೇ ಆ ಮನೆಯ ಗಾಳಿ ನಿಮ್ಮ ಮನೆಯದಕ್ಕಿಂತ ಒಣದು.

ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಅಂತ ಎಲ್ಲರೂ ಹೇಳುವ ಲೆಕ್ಕವಿದೆ. ಅಂದಾಜಿಗೆ ಅಡ್ಡಿಯಿಲ್ಲ, ಆದರೆ ಮೆದು ಮರ ಬೇಗ ಒಣಗುತ್ತದೆ, ಗಟ್ಟಿ ಮರ ತಡ ಮಾಡುತ್ತದೆ. ಹಾಗಾಗಿ ನಾನು ನಂಬುವುದು ತಕ್ಕಡಿಯನ್ನು. ಪ್ರತಿ ಅಟ್ಟಿಯಿಂದ ಒಂದು ತುಂಡು ಆರಿಸಿ, ಅದರ ಮೈಮೇಲೆಯೇ ಪೆನ್ಸಿಲ್‌ನಲ್ಲಿ ದಿನಾಂಕ ಮತ್ತು ತೂಕ ಬರೆಯಿರಿ. ವಾರ ಬಿಟ್ಟು ಮತ್ತೆ ತೂಗಿ ಕೆಳಗೆ ಬರೆಯಿರಿ. ಮೊದಲು ತೂಕ ದಡದಡ ಇಳಿಯುತ್ತದೆ, ಆಮೇಲೆ ನಿಧಾನ, ಕೊನೆಗೆ ವಾರಗಟ್ಟಲೆ ಒಂದೇ ಅಂಕಿ ನಿಲ್ಲುತ್ತದೆ. ಆ ಜಾಗದ ಗಾಳಿಗೆ ಮರ ಹೊಂದಿಕೊಂಡಿತು ಅಂತ ಅರ್ಥ. ತೇವ ಅಳೆಯುವ ಮೀಟರ್ ಇದ್ದರೆ ಇನ್ನೂ ಒಳ್ಳೆಯದು, ಆದರೆ ಅದರಲ್ಲಿ ಮರದ ಜಾತಿಗೆ ತಕ್ಕ ಹಾಗೆ ಹೊಂದಿಸಿಕೊಳ್ಳಬೇಕು. ಗಾಳಿಯ ತೇವಾಂಶ ಶೇ. 65 ಇರುವ ಕೋಣೆಯಲ್ಲಿ ಮರ ಶೇ. 12ರ ಸುಮಾರಿಗೆ ನಿಲ್ಲುತ್ತದೆ, ಶೇ. 30 ಇರುವ ಒಣ ಕೋಣೆಯಲ್ಲಿ ಶೇ. 6ರ ಸುಮಾರಿಗೆ. ದೂರದೂರಿಗೆ ಮಾಲು ಕಳಿಸುವವರು ಈ ವ್ಯತ್ಯಾಸ ಮರೆಯಬಾರದು.

ಹಲಗೆ, ಕೊರಡು ತಂದ ದಿನವೇ ಎರಡೂ ತುದಿಗೆ ಮೇಣವನ್ನೋ ದಪ್ಪ ಬಣ್ಣವನ್ನೋ ಬಳಿಯಿರಿ. ಮರ ಮೈಯಿಂದಲೂ ನೀರು ಬಿಡುತ್ತದೆ, ಆದರೆ ತುದಿಯಿಂದ ಬಹಳ ಬೇಗ ಬಿಡುತ್ತದೆ. ತುದಿ ಹತ್ತು ಪಟ್ಟಿಗೂ ಹೆಚ್ಚು ವೇಗದಲ್ಲಿ ಒಣಗುತ್ತದೆ, ಅದಕ್ಕೇ ಮೊದಲ ಬಿರುಕು ಅಲ್ಲೇ ಕಾಣುವುದು. ಹಲಗೆಗಳ ನಡುವೆ ಒಂದೇ ದಪ್ಪದ ಒಣ ಪಟ್ಟಿಗಳನ್ನು ಒಂದರ ಮೇಲೊಂದು ನೇರಕ್ಕೆ ಬರುವಂತೆ ಇಟ್ಟು ಅಟ್ಟಿ ಮಾಡಿ. ನೆರಳಿರಲಿ, ಗಾಳಿಯಾಡಲಿ, ನೆಲಕ್ಕೆ ತಾಗದಿರಲಿ. ಮೇಲೆ ಭಾರ ಹೇರಿ. ಬಿಸಿಲಿಗೆ ಮಾತ್ರ ಹಾಕಬೇಡಿ.

ಬಿಲ್ಲೆಗೆ ನನ್ನ ಸಲಹೆ: ಅಡ್ಡಡ್ಡ ಕೊಯ್ಯುವ ಬದಲು ಓರೆಯಾಗಿ ಕೊಯ್ಯಿರಿ. ಮೊಟ್ಟೆಯಾಕಾರ ಬರುತ್ತದೆ, ಸೀಳುವುದೂ ಕಡಿಮೆ. ದುಂಡಗೇ ಬೇಕಿದ್ದರೆ ಬೇಕಾದ್ದಕ್ಕಿಂತ ಹೆಚ್ಚು ಕೊಯ್ದು ಒಣಗಲು ಬಿಡಿ. ಸೀಳುವುದೆಲ್ಲ ನಿಮ್ಮ ಕಣ್ಣೆದುರೇ ಸೀಳಲಿ. ಉಳಿದದ್ದು ಮಾತ್ರ ಗಡಿಯಾರವಾಗಲಿ.

ಹಳೆಯ ಮರದಲ್ಲೇ ಕೆಲಸ ಮಾಡುವವರು

ಮೇಲಿನವರು ಹೇಳಿದ್ದು ಹೊಸ ಮರಕ್ಕೆ. ಹಳೆಯ ಮರ ಚೆನ್ನಾಗಿ ಒಣಗಿ ಕೂತಿರುತ್ತದೆ, ಆ ಚಿಂತೆ ಕಡಿಮೆ. ಆದರೆ ಅದರ ಹಿಂದಿನ ಬದುಕು ಏನಿತ್ತೆಂದು ನೋಡದೆ ಗರಗಸ ಇಡಬೇಡಿ.

ಮೊಳೆಯ ತಲೆ ಮುರಿದು ಒಳಗೇ ಉಳಿದಿರುತ್ತದೆ, ಮೇಲೆ ಕಾಣುವುದಿಲ್ಲ. ಬಲವಾದ ಅಯಸ್ಕಾಂತವನ್ನು ಹಲಗೆಯ ಮೇಲೆ ನಿಧಾನವಾಗಿ ಎಳೆದರೆ ಕೈಗೆ ಗೊತ್ತಾಗುತ್ತದೆ. ಮರದ ಮೇಲೆ ಕರಿ ಕಲೆ ಇದ್ದಲ್ಲಿ ಕಬ್ಬಿಣ ಇದೆ ಅಥವಾ ಇತ್ತು ಅಂತಲೇ ತಿಳಿಯಿರಿ, ಮರದ ಒಗರಿಗೆ ಕಬ್ಬಿಣ ತಾಗಿದರೆ ಆ ಬಣ್ಣ ಬರುತ್ತದೆ. ಎಷ್ಟೋ ಸಲ ನಾನು ಆ ಕಲೆಯನ್ನು ಉಜ್ಜಿ ತೆಗೆಯದೆ ಹಾಗೇ ಬಿಡುತ್ತೇನೆ. ಹಳೆಯ ಮರ ಕೊಳ್ಳುವವರಿಗೆ ಬೇಕಿರುವುದೇ ಅದು.

ಹಳೆಯ ಬಣ್ಣ ಇರುವ ಮರವನ್ನು ಮಾತ್ರ ಸ್ಯಾಂಡ್ ಪೇಪರ್‌ನಿಂದ ಒಣಗಿದ್ದಂತೆಯೇ ಉಜ್ಜಬೇಡಿ. ಹಳೆಯ ಕಾಲದ ಬಣ್ಣಗಳಲ್ಲಿ ಸೀಸ ಇರುತ್ತಿತ್ತು, ಆ ಧೂಳು ಮಕ್ಕಳಿಗೆ ಎಲ್ಲರಿಗಿಂತ ಹೆಚ್ಚು ಅಪಾಯ. ಮನೆಯಲ್ಲೇ ಕೆಲಸ ಮಾಡುವವರು ಇದನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ. ಸಂದೇಹ ಇದ್ದರೆ ಆ ಹಲಗೆ ಬಿಟ್ಟುಬಿಡಿ.

ಸರಕು ಸಾಗಿಸುವ ಪ್ಯಾಲೆಟ್ ಮರ ಬಳಸುತ್ತೀರಾದರೆ ಅದರ ಮುದ್ರೆ ಓದಿ. 'ಎಚ್‌ಟಿ' ಅಂತಿದ್ದರೆ ಬಿಸಿ ಮಾಡಿ ಹುಳು ಕೊಂದದ್ದು: ಮರದ ಒಡಲಿನವರೆಗೆ 56 ಡಿಗ್ರಿ ಸೆಲ್ಸಿಯಸ್ ಶಾಖ, 30 ನಿಮಿಷ. 'ಎಂಬಿ' ಅಂತಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದು, ಮುಟ್ಟಬೇಡಿ. ಎಚ್‌ಟಿ ಇದ್ದರೂ ಎಣ್ಣೆಯ ಕಲೆ, ರಾಸಾಯನಿಕದ ವಾಸನೆ ಇದ್ದರೆ ಅದು ಊಟದ ಟ್ರೇಗೆ ಬೇಡ.

ಕೊಂಬೆ, ತೊಗಟೆಯ ಕೆಲಸದವರು

ತೊಗಟೆ ಉದುರದೆ ನಿಲ್ಲಬೇಕೆಂದರೆ ಅಂಟಿಗಿಂತ ಮರ ಕಡಿದ ಕಾಲ ಮುಖ್ಯ. ಚಿಗುರುವ ಕಾಲದಲ್ಲಿ ತೊಗಟೆಯ ಕೆಳಗಿನ ಪದರ ಹಸಿಯಾಗಿ ಬೆಳೆಯುತ್ತಿರುತ್ತದೆ, ಆಗ ಕಡಿದರೆ ತೊಗಟೆ ಸುಲಭವಾಗಿ ಕಳಚಿಕೊಳ್ಳುತ್ತದೆ. ಬೆಳವಣಿಗೆ ನಿಂತ ಕಾಲದಲ್ಲಿ ಕಡಿದದ್ದು ಹಿಡಿದು ನಿಲ್ಲುತ್ತದೆ. ಮರ ಕೊಡುವವರನ್ನು ಯಾವಾಗ ಕಡಿದದ್ದು ಅಂತ ಕೇಳುವ ಅಭ್ಯಾಸ ಇಟ್ಟುಕೊಳ್ಳಿ. ಯಾರ ಜಾಗದ್ದು, ಕಡಿಯಲು ಅನುಮತಿ ಇತ್ತೇ ಎಂಬುದನ್ನೂ ಕೇಳಿ. ಬಿದ್ದ ಕೊಂಬೆಯಾದರೂ ಒಡೆಯರಿರುತ್ತಾರೆ.

ಕುಟ್ಟೆ ಹುಳು ತೊಗಟೆಯ ಕೆಳಗೆ, ಬಿಳಿ ಮರದಲ್ಲಿ ಇರುತ್ತದೆ. ತುಂಡನ್ನು ಕರಿ ಕಾಗದದ ಮೇಲೆ ಕೆಲವು ವಾರ ಇಡಿ. ಹಿಟ್ಟಿನಂಥ ಪುಡಿ ಬಿದ್ದರೆ ಒಳಗೆ ಜೀವ ಇದೆ. ಅಂಥದ್ದನ್ನು ಉಳಿದ ಮರದಿಂದ ಆ ಕ್ಷಣವೇ ದೂರ ಮಾಡಿ.

ಅಂಗಡಿಗಳಿಗೂ ನೇರವಾಗಿಯೂ ಮಾರುವವರು

ಬೆಲೆಯ ಮಾತಿಗೆ ಬರುತ್ತೇನೆ. ದುಡ್ಡು ಉಳಿಯುತ್ತಿಲ್ಲ ಅನ್ನುವವರನ್ನು ನಾನು ಮೊದಲು ಕೇಳುವುದು, ಒಂದು ಟ್ರೇಗೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ. 'ಎರಡು ಗಂಟೆ' ಅನ್ನುತ್ತಾರೆ. ಅದು ಕೊಯ್ದು ಜೋಡಿಸಿದ ಹೊತ್ತು ಮಾತ್ರ. ಮರ ಹುಡುಕಿದ್ದು, ಹೊತ್ತು ತಂದದ್ದು, ಅಟ್ಟಿ ಮಾಡಿದ್ದು, ಒರಟಿನಿಂದ ನುಣುಪಿನವರೆಗೆ ಒಂದೊಂದೇ ಕಾಗದ ಹಿಡಿದು ಉಜ್ಜಿದ್ದು, ಎಣ್ಣೆಯ ಒಂದು ಪದರಕ್ಕೂ ಇನ್ನೊಂದಕ್ಕೂ ನಡುವೆ ಒರೆಸಿದ್ದು, ಫೋಟೊ ತೆಗೆದದ್ದು, 'ಇದು ಇನ್ನೂ ಸ್ವಲ್ಪ ದೊಡ್ಡದು ಸಿಗುತ್ತಾ' ಅಂತ ಬಂದ ಸಂದೇಶಗಳಿಗೆ ಉತ್ತರ ಬರೆದದ್ದು, ಪೆಟ್ಟಿಗೆ ಕಟ್ಟಿದ್ದು, ಇದೆಲ್ಲ ಎಲ್ಲಿ ಹೋಯಿತು? ಮುಂದಿನ ಒಂದು ತಿಂಗಳು ಬೆಂಚಿನ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟು ಪ್ರತಿ ಕೆಲಸದ ಮುಂದೆ ಹೊತ್ತು ಬರೆಯಿರಿ. ಅದನ್ನು ನೋಡಿದ ಮೇಲೆ ಬೆಲೆ ಏರಿಸಲು ಯಾರೂ ಧೈರ್ಯ ತುಂಬಬೇಕಿಲ್ಲ.

ಲೆಕ್ಕ ಹೀಗೆ ಕಟ್ಟಿ. ಮರ, ಅಂಟು, ಎಣ್ಣೆ, ಸ್ಯಾಂಡ್ ಪೇಪರ್, ಪೆಟ್ಟಿಗೆ. ಅದಕ್ಕೆ ನಿಮ್ಮ ಪೂರ್ತಿ ಹೊತ್ತಿನ ಕೂಲಿ. ಅದಕ್ಕೆ ಜಾಗ, ಕರೆಂಟು, ಗರಗಸದ ಬ್ಲೇಡು, ಯಂತ್ರದ ಸವಕಳಿ, ಮಾರಾಟದ ಕಮಿಷನ್ ಇವುಗಳ ಪಾಲು. ಸೀಳಿಹೋದ ತುಂಡುಗಳ ಖರ್ಚನ್ನು ಉಳಿದ ತುಂಡುಗಳು ಹೊರಬೇಕು. ಹತ್ತು ಬಿಲ್ಲೆ ಕೊಯ್ದು ಆರು ಉಳಿದರೆ ಹತ್ತರ ಖರ್ಚು ಆರರ ಮೇಲೆ ಬೀಳುತ್ತದೆ. ಇಷ್ಟಾದರೆ ಅಸಲು. ಲಾಭ ಇನ್ನೂ ಸೇರಿಲ್ಲ. ಕೂಲಿಯನ್ನೇ ಲಾಭ ಅಂದುಕೊಂಡವರ ಗರಗಸ ಕೆಟ್ಟರೆ ಹೊಸದು ತರಲು ದುಡ್ಡಿರುವುದಿಲ್ಲ.

ಒಣಗಲು ಇಟ್ಟ ಮರವೂ ದುಡ್ಡೇ. ಇಂದು ಕೊಟ್ಟ ಹಣ ವರ್ಷ ಕಳೆದು ವಾಪಸ್ ಬರುತ್ತದೆ, ಅಲ್ಲಿಯವರೆಗೆ ಜಾಗವನ್ನೂ ತಿನ್ನುತ್ತದೆ. ಅದನ್ನು ಬೆಲೆಯಲ್ಲಿ ಹಿಡಿಯಿರಿ. ಗಿರಾಕಿಗೆ ಹೇಳಿಯೂ ಬಿಡಿ. 'ಈ ಹಲಗೆ ಇಷ್ಟು ಕಾಲ ಒಣಗಿದೆ' ಎಂದು ಚೀಟಿಯಲ್ಲಿ ಬರೆದರೆ ಬೆಲೆ ಏಕೆ ಹಾಗಿದೆ ಎಂಬ ಪ್ರಶ್ನೆಗೆ ಅಲ್ಲೇ ಉತ್ತರ ಸಿಕ್ಕಿತು.

ಅಂಗಡಿಯವರು ಸಾಮಾನ್ಯವಾಗಿ ಮಾರುವ ಬೆಲೆಯ ಅರ್ಧಕ್ಕೆ ಕೇಳುತ್ತಾರೆ. ಆ ಅರ್ಧದಲ್ಲಿ ನಿಮ್ಮ ಅಸಲೂ ಲಾಭವೂ ಬರದಿದ್ದರೆ ಆ ವಸ್ತುವನ್ನು ಅಂಗಡಿಗೆ ಕೊಡಬೇಡಿ, ನೇರವಾಗಿಯೇ ಮಾರಿ. ಎರಡೂ ಕಡೆ ಮಾರುವುದಾದರೆ ಒಂದೇ ಬೆಲೆ ಇಡಿ. ಅಂಗಡಿಯವರು ನಿಮ್ಮನ್ನು ನಂಬಿ ಗೋಡೆಯ ಜಾಗ ಕೊಟ್ಟಿರುತ್ತಾರೆ.

ಬಟ್ಟಲು, ಚಮಚ ಕೆತ್ತುವವರು

ಫಿನಿಶಿಂಗ್ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಲೇಬೇಡಿ. ಆ ಎಣ್ಣೆ ಗಾಳಿಯ ಆಮ್ಲಜನಕ ಹೀರಿಕೊಂಡು ಒಣಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗಿನಿಂದ ಅದು ಹೊರಹೋಗಲಾರದೆ ಬಟ್ಟೆ ತಾನಾಗಿ ಹೊತ್ತಿಕೊಳ್ಳುತ್ತದೆ. ಮರದ ಪುಡಿ ತುಂಬಿದ ಕೋಣೆಯಲ್ಲಿ ಇದಕ್ಕಿಂತ ದೊಡ್ಡ ಅಪಾಯ ಇಲ್ಲ. ಒಂದೊಂದೇ ಬಟ್ಟೆಯನ್ನು ಹೊರಗೆ ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ಮುಚ್ಚಳದ ಲೋಹದ ಡಬ್ಬಿಯಲ್ಲಿ ಮುಳುಗಿಸಿಡಿ.

'ಬಾಯ್ಲ್ಡ್' ಅಂತ ಮಾರುವ ಅಗಸೆ ಎಣ್ಣೆಯಲ್ಲಿ ಬೇಗ ಒಣಗಲೆಂದು ಲೋಹದ ಲವಣ ಸೇರಿಸಿರುತ್ತಾರೆ. ಆಹಾರ ಮುಟ್ಟುವ ಟ್ರೇಗೆ ಏನೂ ಬೆರೆಸದ ಎಣ್ಣೆಯನ್ನೂ ಜೇನುಮೇಣವನ್ನೂ ಬಳಸಿ. ವಾಲ್‌ನಟ್ ಎಣ್ಣೆ ಹಚ್ಚಿದ್ದರೆ ಅಲರ್ಜಿ ಇರುವವರಿಗಾಗಿ ಚೀಟಿಯಲ್ಲಿ ಬರೆಯಿರಿ. ಎಣ್ಣೆ ಪೂರ್ತಿ ಒಣಗುವ ಮೊದಲು ಪ್ಲಾಸ್ಟಿಕ್‌ನಲ್ಲಿ ಸುತ್ತಿದರೆ ಅಂಟಿಕೊಳ್ಳುತ್ತದೆ, ಕಮಟು ವಾಸನೆಯೂ ಬರುತ್ತದೆ.

ಧೂಳಿಗೆ ಕರವಸ್ತ್ರ ಕಟ್ಟಿಕೊಂಡರೆ ಸಾಲದು. ಮರದ ಧೂಳು ಮನುಷ್ಯರಲ್ಲಿ ಕ್ಯಾನ್ಸರ್ ತರಬಲ್ಲದು ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಪ್ರಕಟಿಸಿದೆ. ಮುಖಕ್ಕೆ ಸರಿಯಾಗಿ ಕೂರುವ ಮಾಸ್ಕ್ ಹಾಕಿ. ಬೂಸ್ಟು ಹಿಡಿದು ಗೆರೆ ಬಿದ್ದ ಚಂದದ ಮರ ಉಜ್ಜುವಾಗಲಂತೂ ತಪ್ಪಿಸಲೇಬೇಡಿ.

ಕೇಳಿದವರು ಮತ್ತೆ

ಎಲ್ಲರಿಗೂ ಧನ್ಯವಾದ. ತಕ್ಕಡಿ ಇವತ್ತೇ ತರುತ್ತೇನೆ. ಇನ್ನೊಂದು ಮಾತು ಕೇಳಿಬಿಡುತ್ತೇನೆ. ಈಗಾಗಲೇ ಸೀಳಿರುವ ಬಿಲ್ಲೆಗಳು ಒಂದು ಮೂಟೆ ಇವೆ, ಎಸೆಯಲು ಮನಸ್ಸಿಲ್ಲ. ಹೆಸರು ಕೆತ್ತಿಕೊಡಿ ಅನ್ನುವ ಆರ್ಡರ್‌ಗಳನ್ನು ತೆಗೆದುಕೊಳ್ಳಬಹುದೇ?

ಮೇಜು, ಬೆಂಚು ಮಾಡುವವರು

ಎಸೆಯಬೇಡಿ. ಸೀಳು ಇನ್ನು ಅಗಲವಾಗುತ್ತಿಲ್ಲ ಎಂಬುದನ್ನು ತೂಕ ನೋಡಿ ಖಾತ್ರಿ ಮಾಡಿಕೊಳ್ಳಿ. ಆಮೇಲೆ ಸೀಳಿನ ಗುಂಟ ಕೊಯ್ದು ಅರ್ಧಚಂದ್ರ ಮಾಡಿದರೆ ಗೂಟದ ಹಲಗೆಗೆ, ಪುಸ್ತಕ ಆನಿಸಲು ಬಹಳ ಚೆನ್ನಾಗಿ ಒದಗುತ್ತವೆ. ದೊಡ್ಡ ಬಿಲ್ಲೆಯಾದರೆ ಸೀಳಿಗೆ ಅಡ್ಡಲಾಗಿ ಚಿಟ್ಟೆಯಾಕಾರದ ಮರದ ಬೆಣೆ ಕೂರಿಸಿ, ಬೇರೆ ಬಣ್ಣದ ಮರದ್ದಾದರೆ ಎದ್ದು ಕಾಣುತ್ತದೆ. ಆ ಬೆಣೆಯ ಎಳೆ ಸೀಳನ್ನು ದಾಟುವ ದಿಕ್ಕಿಗಿರಲಿ, ಸೀಳಿನ ಗುಂಟ ಇಟ್ಟರೆ ಬೆಣೆಯೇ ಮುರಿಯುತ್ತದೆ.

ಅಂಗಡಿಗಳಿಗೂ ನೇರವಾಗಿಯೂ ಮಾರುವವರು

ಹೆಸರು ಕೆತ್ತುವ ಕೆಲಸ ಖಂಡಿತ ತೆಗೆದುಕೊಳ್ಳಿ, ಅದರಲ್ಲಿ ಲಾಭ ಚೆನ್ನಾಗಿದೆ. ಆದರೆ ಆ ವಸ್ತುವನ್ನು ಇನ್ನೊಬ್ಬರಿಗೆ ಮಾರಲು ಬರುವುದಿಲ್ಲವಾದ್ದರಿಂದ ಅರ್ಧ ಹಣ ಮುಂಗಡ, ಅಕ್ಷರಗಳನ್ನು ಗಿರಾಕಿಯೇ ಬರೆದು ಕಳಿಸಬೇಕು, ಕೆತ್ತುವ ಮೊದಲು ಪೆನ್ಸಿಲ್ ಗುರುತಿನ ಫೋಟೊಗೆ ಅವರು ಒಪ್ಪಿಗೆ ಕೊಡಬೇಕು. ಯಾವ ಮರದ ತುಂಡು ಅನ್ನುವುದನ್ನೂ ಅದೇ ಫೋಟೊದಲ್ಲಿ ತೋರಿಸಿ, ಗಂಟು, ಬಿರುಕು ಸಮೇತ, ಬೆಳಕು ಪಕ್ಕದಿಂದ ಬೀಳುವಂತೆ. ಒಣಗಿದ ಮರ ಕೈಯಲ್ಲಿ ಇಲ್ಲದಿದ್ದರೆ ತಾರೀಖು ಒಪ್ಪಿಕೊಳ್ಳಬೇಡಿ, ಮದುವೆಯ ದಿನಕ್ಕೇ ಬೇಕು ಅಂದರೂ.