ಕ್ಲಾಂಪ್ ಮೀಟರ್ 40, ಬೋರ್ಡ್ 44: ಎಲೆಕ್ಟ್ರಾನಿಕ್ ಫ್ಯೂಸ್ ಯಾರ ಮಾತು ಕೇಳಬೇಕು?

ಜ್ಯೂಸ್‌ಗಾಡಿ_ಶಿವಮೊಗ್ಗ
ಹಳೇ ವ್ಯಾನಿನಲ್ಲಿ ಜ್ಯೂಸ್ ಅಂಗಡಿ ನಡೆಸುತ್ತೇನೆ. ಮಿಕ್ಸಿಗಾಗಿ 12 ವೋಲ್ಟ್‌ನ ಎರಡನೇ ಬ್ಯಾಟರಿ ಇದೆ. ಅಲ್ಲಿಂದ 10 ಸ್ಕ್ವೇರ್ ಎಂಎಂ ವೈರ್, ಆಮೇಲೆ ಇನ್ವರ್ಟರ್. ಮಾಮೂಲಿ ಫ್ಯೂಸ್ ಬದಲು ಎಲೆಕ್ಟ್ರಾನಿಕ್ ಕಟ್‌ಆಫ್ ಬೋರ್ಡ್ ಮಾಡಿಸಿ ಹಾಕಿದ್ದೇನೆ. ಕರೆಂಟ್ ಅಳೆಯಲು 0.5 ಮಿಲಿಓಮ್ ಶಂಟ್ (ಸಣ್ಣ ರೆಸಿಸ್ಟರ್), ಅದರ ವೋಲ್ಟೇಜನ್ನು 50 ಪಟ್ಟು ಹೆಚ್ಚಿಸುವ ಆಂಪ್ಲಿಫೈಯರ್, ಅದನ್ನು ಓದುವ ಮೈಕ್ರೋಕಂಟ್ರೋಲರ್, ಸ್ವಿಚ್ಚಿನಂತೆ ಕಟ್ ಮಾಡುವ ಮಾಸ್‌ಫೆಟ್. 60 ಆಂಪ್ ದಾಟಿದರೆ ಲೈನ್ ಕಟ್.

ತೊಂದರೆ ಏನಂದ್ರೆ, ಬೆಳಗ್ಗೆ ಎಲ್ಲ ಸರಿ. ಸಂಜೆ ಬ್ಯಾಟರಿ ಇಳಿದ ಮೇಲೆ 500 ವ್ಯಾಟ್ ಮಿಕ್ಸಿ ಓಡುತ್ತಿರುವಾಗಲೇ ಟ್ರಿಪ್ ಆಗುತ್ತದೆ. ಇನ್ವರ್ಟರ್ ತೆಗೆದು ಬರೀ ಬಲ್ಬ್ ಲೋಡ್ ಕೊಟ್ಟು ನೋಡಿದೆ. ಕೇಬಲ್ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್ 10 ಆಂಪ್ ತೋರಿಸಿದಾಗ ಬೋರ್ಡ್ 11. ಕ್ಲಾಂಪ್ 40 ಅಂದಾಗ ಬೋರ್ಡ್ 44. ಸ್ವಲ್ಪ ಹೊತ್ತು ಬಿಟ್ಟು ಬಿಸಿಯಾದ ಮೇಲೆ ಅದೇ 40ಕ್ಕೆ 44.8. ಯಾವುದನ್ನು ನಂಬಲಿ?

ಶೆಡ್_ಹುಬ್ಬಳ್ಳಿ
ಕ್ಲಾಂಪ್ ನಂಬಿ, ಪ್ರೋಗ್ರಾಮ್‌ನಲ್ಲಿ 1.1ರಿಂದ ಭಾಗಿಸಿ, ವ್ಯಾಪಾರ ಮಾಡಿ. ಬ್ಲೇಡ್ ಫ್ಯೂಸಿನ ಚಾರ್ಟ್ ಯಾವಾಗಾದರೂ ನೋಡಿದ್ದೀರಾ? ಅದರ ಮೇಲೆ ಬರೆದ ಕರೆಂಟಿನ 135% ಹರಿದರೆ ಅದು 0.75 ಸೆಕೆಂಡಿನಲ್ಲೂ ಸುಡಬಹುದು, 600 ಸೆಕೆಂಡ್ ತಡೆದೂ ಸುಡಬಹುದು. ಎರಡೂ ಪಾಸ್. ಲಾರಿ, ಬಸ್ಸು, ಕಾರು ಎಲ್ಲ ಅದರ ಮೇಲೇ ಓಡುತ್ತಿವೆ. ಅಂಥದ್ದರಲ್ಲಿ 4 ಆಂಪಿಗೆ ಯಾಕೆ ತಲೆ ಕೆಡಿಸಿಕೊಳ್ಳೋದು?

ಶಂಟ್‌ಪ್ರಿಯ
ಭಾಗಿಸುವ ಮೊದಲು ಆ 4 ಆಂಪ್ ಎಲ್ಲಿಂದ ಬಂತು ಅಂತ ನೋಡಬೇಕು. ಪುಣ್ಯಕ್ಕೆ ಅವರು ಎರಡು ಬೇರೆ ಕರೆಂಟಿನಲ್ಲಿ ಅಳೆದಿದ್ದಾರೆ, ಹಾಗಾಗಿ ಅರ್ಧ ಉತ್ತರ ಅಲ್ಲೇ ಇದೆ.

ಆಂಪ್ಲಿಫೈಯರ್ ಆಫ್‌ಸೆಟ್ (ಕರೆಂಟ್ ಇಲ್ಲದಾಗಲೂ ತೋರುವ ತಪ್ಪು) ಆಗಿದ್ದರೆ 10ರಲ್ಲೂ 40ರಲ್ಲೂ ಒಂದೇ ಆಂಪಿನಷ್ಟು ತಪ್ಪು ಬರಬೇಕಿತ್ತು. ಇಲ್ಲಿ 1 ಮತ್ತು 4 ಬಂದಿದೆ, ಎರಡೂ ಕಡೆ 10%. ಅಂದರೆ ರೆಸಿಸ್ಟೆನ್ಸ್ ಅಥವಾ ಗೇನ್ (ಆಂಪ್ಲಿಫೈಯರ್ ಹೆಚ್ಚಿಸುವ ಪಟ್ಟು) ಜಾಸ್ತಿ ಇದೆ. ಗೇನ್ ಬಿಸಿಗೆ ಹೀಗೆ ಏರುವುದಿಲ್ಲ. ಒಳ್ಳೆಯ ಶಂಟಿನ ಪಟ್ಟಿ ಮ್ಯಾಂಗನಿನ್ ಥರದ ಮಿಶ್ರಲೋಹ, ಅದೂ ಬಿಸಿಗೆ ಅಲುಗುವುದು ತೀರಾ ಕಮ್ಮಿ. ತಾಮ್ರ ಹಾಗಲ್ಲ. ಅದರ ರೆಸಿಸ್ಟೆನ್ಸ್ ಡಿಗ್ರಿಗೆ ಸುಮಾರು 0.39% ಏರುತ್ತದೆ.

ಲೆಕ್ಕ ಹಾಕಿ. 500 ಮೈಕ್ರೋಓಮ್ ಶಂಟಿನ ಜೊತೆ 50 ಮೈಕ್ರೋಓಮ್ ತಾಮ್ರ ಸೇರಿದೆ ಅಂದುಕೊಳ್ಳಿ. ತಣ್ಣಗಿದ್ದಾಗ 40ಕ್ಕೆ 44 ತೋರಿಸುತ್ತದೆ. ಬೋರ್ಡ್ 50 ಡಿಗ್ರಿ ಬಿಸಿಯಾದರೆ ಆ ತಾಮ್ರ 60 ಮೈಕ್ರೋಓಮ್ ಆಗುತ್ತದೆ, ಆಗ 44.8. ನಿಮ್ಮ ಅಂಕಿಯೇ ಬಂತು ಅಲ್ವಾ?

50 ಮೈಕ್ರೋಓಮ್ ಅಂದರೆ ಏನೂ ಅಲ್ಲ. ಮಾಮೂಲಿ ಬೋರ್ಡಿನ 35 ಮೈಕ್ರಾನ್ ತಾಮ್ರದಲ್ಲಿ ಒಂದು ಚೌಕಕ್ಕೇ ಸುಮಾರು 0.5 ಮಿಲಿಓಮ್ ಇರುತ್ತದೆ. ಚೌಕ ಚಿಕ್ಕದೋ ದೊಡ್ಡದೋ ಲೆಕ್ಕಕ್ಕಿಲ್ಲ. ಅಂದರೆ ಒಂದೇ ಒಂದು ಚೌಕದ ತಾಮ್ರ ನಿಮ್ಮ ಶಂಟಿಗೆ ಸಮ! ಅದರ ಹತ್ತನೇ ಒಂದು ಭಾಗ ಅಳತೆಯ ದಾರಿಗೆ ಸಿಕ್ಕಿಕೊಂಡರೆ ಈ 10% ಬಂದೇ ಬರುತ್ತದೆ. ಶಂಟ್ ಬೆಸೆದಿರುವ ಪ್ಯಾಡ್ ಹತ್ತಿರದ ಫೋಟೋ ಹಾಕಿ. ಅಳತೆಯ ತೆಳು ಗೆರೆಗಳು ಪ್ಯಾಡಿನ ಹೊರ ಅಂಚಿನಿಂದ ಹೊರಟಿವೆ ಅಂತ ಪಂಥ ಕಟ್ಟುತ್ತೇನೆ.

ಜ್ಯೂಸ್‌ಗಾಡಿ_ಶಿವಮೊಗ್ಗ
ಫೋಟೋ ಹಾಕಿದ್ದೇನೆ. ಹೌದು, ಹೊರ ಅಂಚಿನಿಂದಲೇ. ಒಂದು ಬದಿಯದಂತೂ ದಪ್ಪ ತಾಮ್ರದ ಮಧ್ಯದಿಂದ ಹೋಗಿದೆ. ಬೋರ್ಡ್ ಮಾಡಿಕೊಟ್ಟವರನ್ನು ಕೇಳಿದರೆ ‘ಎರಡೂ ಒಂದೇ ನೆಟ್ ಸಾರ್’ ಅಂದರು.

ಶಂಟ್‌ಪ್ರಿಯ
ಬೋರ್ಡ್ ಬಿಡಿಸುವ ಸಾಫ್ಟ್‌ವೇರಿಗೆ ಒಂದೇ ನೆಟ್, ಅಂದರೆ ಒಂದೇ ಸಂಪರ್ಕ. 40 ಆಂಪಿಗೆ ಅಲ್ಲ. ದೊಡ್ಡ ಕರೆಂಟ್ ಹೋಗುವ ದಾರಿ ಬೇರೆ, ವೋಲ್ಟೇಜ್ ಅಳೆಯುವ ದಾರಿ ಬೇರೆ ಇರಬೇಕು. ಕೆಲ್ವಿನ್ ಕನೆಕ್ಷನ್ ಅನ್ನೋದು ಇದನ್ನೇ. ಎರಡು ಪ್ಯಾಡುಗಳ ಒಳ ಅಂಚಿನಿಂದ, ಶಂಟಿನ ಹೊಟ್ಟೆಯ ಕೆಳಗಿನಿಂದ ಗೆರೆ ತೆಗೆಯಬೇಕು.

ಕೆಂಪುವೈರ್
ಈ ಮಿಲಿಓಮ್ ಜಗಳವೇ ಬೇಡ ಅಂದರೆ, ಮ್ಯಾಗ್ನೆಟಿಕ್ ಫೀಲ್ಡ್ ನೋಡಿ ಕರೆಂಟ್ ಹೇಳುವ ಹಾಲ್ ಸೆನ್ಸರ್ ಹಾಕಿ. ಕೇಬಲ್ ಅದರ ತೂತಿನಲ್ಲಿ ಹಾದು ಹೋದರೆ ಸಾಕು. ಬಿಸಿ ಇಲ್ಲ, ಬೆಸುಗೆ ಇಲ್ಲ, ಹೈ ವೋಲ್ಟೇಜಿಂದ ಐಸೊಲೇಶನ್ ಪುಕ್ಕಟೆ. ನಾನು ಇವಿ ಬ್ಯಾಟರಿ ಪ್ಯಾಕ್ ಕೆಲಸದಲ್ಲಿದ್ದೇನೆ, ಅಲ್ಲಿ ಹಾಲ್ ಇಲ್ಲದೆ ದಿನ ಕಳೆಯುವುದಿಲ್ಲ.

ಶಂಟ್‌ಪ್ರಿಯ
12 ವೋಲ್ಟಿಗೆ ಐಸೊಲೇಶನ್ ತಗೊಂಡು ಏನು ಮಾಡೋದು? ಬಿಸಿಯ ಮಾತೂ ಅಷ್ಟೇ. 60 ಆಂಪಿನಲ್ಲಿ ಈ ಶಂಟ್ ತಿನ್ನೋದು 1.8 ವ್ಯಾಟ್. ಹಾಲ್‌ನ ತೊಂದರೆ ನೀವು ಹೇಳಲಿಲ್ಲ. ಪಕ್ಕದಲ್ಲಿ ಸ್ಟಾರ್ಟರ್ ಕೇಬಲ್ ಹಾದು ಹೋದರೆ ಅದರ ಮ್ಯಾಗ್ನೆಟಿಕ್ ಫೀಲ್ಡ್ ಒಳಗೆ ನುಗ್ಗುತ್ತದೆ. ಒಮ್ಮೆ ಜೋರಾಗಿ ಶಾರ್ಟ್ ಆದರೆ ಕೋರ್‌ನಲ್ಲಿ ಮ್ಯಾಗ್ನೆಟಿಸಂ ಉಳಿದು ಸೊನ್ನೆಯೇ ಜಾಗ ಬದಲಿಸುತ್ತದೆ. ಬಿಸಿಗೂ ಸೊನ್ನೆ ಸರಿಯುತ್ತದೆ.

ಕೆಂಪುವೈರ್
ಒಪ್ಪಿದೆ, ಅದಕ್ಕೇ ಪ್ಯಾಕಿನಲ್ಲಿ ಶಂಟೂ ಹಾಲೂ ಎರಡೂ ಇಟ್ಟು ಒಂದರ ಮೇಲೊಂದು ಕಣ್ಣಿಡೋದು ಉಂಟು. ಆದರೆ ನಿಮ್ಮ ಕ್ಲಾಂಪ್ ಮೀಟರೂ ಹಾಲ್ ಸೆನ್ಸರೇ! ಅದರ 40ನ್ನು ಯಾಕೆ ಕಣ್ಣುಮುಚ್ಚಿ ನಂಬಿದಿರಿ?

ಶಂಟ್‌ಪ್ರಿಯ
ಸರಿಯಾದ ಪ್ರಶ್ನೆ. ಡಿಸಿ ಕ್ಲಾಂಪ್ 2-3% ಅತ್ತಿತ್ತ ಆಗುವುದು ಮಾಮೂಲು. ಕೇಬಲ್‌ಗೆ ಹಾಕುವ ಮೊದಲು, ಅದೇ ಜಾಗದಲ್ಲಿ ಅದೇ ದಿಕ್ಕಿಗೆ ಹಿಡಿದು ಸೊನ್ನೆ ಮಾಡಬೇಕು. ಗಟ್ಟಿಯಾಗಿ ತಿಳಿಯಬೇಕಾದರೆ ಪ್ಯಾನೆಲ್ ಮೀಟರಿಗೆ ಹಾಕುವ 50 ಆಂಪ್ 75 ಮಿಲಿವೋಲ್ಟ್ ಹಿತ್ತಾಳೆ ಶಂಟ್ ತನ್ನಿ. ಬೆಂಗಳೂರಿಗೆ ಬರುವವರಿದ್ದರೆ ಎಸ್‌ಪಿ ರೋಡಲ್ಲಿ ತರಿಸಿ. 0.5 ಕ್ಲಾಸ್ (ತಪ್ಪು 0.5% ಒಳಗೆ) ಅಂತ ಇರುವುದನ್ನು ಕೇಳಿ. ಅದನ್ನು ಸಾಲಿನಲ್ಲಿ ಸೇರಿಸಿ. 40 ಆಂಪಿಗೆ ಅದರ ಮೇಲೆ 60 ಮಿಲಿವೋಲ್ಟ್ ಬರಬೇಕು.

ಇಇಇ_ಮೂರನೇವರ್ಷ
ನನ್ನದೊಂದು ಅನುಮಾನ. ಶಂಟನ್ನು ಇನ್ವರ್ಟರಿನ ನೆಗೆಟಿವ್ ವೈರಿನಲ್ಲಿ ಹಾಕಿದರೆ ಆಂಪ್ಲಿಫೈಯರ್ ಸರ್ಕ್ಯೂಟ್ ಸುಲಭ ಆಗಲ್ವಾ? 12 ವೋಲ್ಟ್ ಮೇಲೆ ಕೂತ 20 ಮಿಲಿವೋಲ್ಟ್ ಹುಡುಕುವ ಕಷ್ಟ ಇರಲ್ಲ.

ಶೆಡ್_ಹುಬ್ಬಳ್ಳಿ
ಪರೀಕ್ಷೆಗೆ ಸರಿ ತಮ್ಮಾ, ಗಾಡಿಗೆ ಬೇಡ. ಪಾಸಿಟಿವ್ ವೈರ್ ಗಾಡಿಯ ಲೋಹದ ಬಾಡಿಗೆ ಉಜ್ಜಿ ಸಿಪ್ಪೆ ಸುಲಿದರೆ ಕರೆಂಟ್ ಚಾಸಿಯಿಂದ ನೇರ ಬ್ಯಾಟರಿಗೆ ವಾಪಸ್ ಹೋಗುತ್ತದೆ. ಇನ್ವರ್ಟರಿನ ನೆಗೆಟಿವ್ ವೈರಿಗೆ ಸುದ್ದಿಯೇ ಮುಟ್ಟುವುದಿಲ್ಲ. ವೈರ್ ಕೆಂಪಗೆ ಕಾಯುತ್ತಿರುತ್ತದೆ, ಡಿಸ್‌ಪ್ಲೇ ಸೊನ್ನೆ ತೋರಿಸುತ್ತಿರುತ್ತದೆ. ಹೊಸ ಕಾರುಗಳಲ್ಲಿ ಬ್ಯಾಟರಿಯ ನೆಗೆಟಿವ್ ಬುಡದಲ್ಲೇ ಸೆನ್ಸರ್ ಇರುತ್ತದೆ. ಅದಕ್ಕೆ ಬ್ಯಾಟರಿಯ ಒಟ್ಟು ಕರೆಂಟ್ ಗೊತ್ತಾಗುತ್ತದೆಯೇ ಹೊರತು ಯಾವ ವೈರ್ ಸುಡುತ್ತಿದೆ ಅಂತ ಗೊತ್ತಾಗಲ್ಲ. ಕಾವಲುಗಾರ ಪಾಸಿಟಿವ್ ಕಡೆ, ಬ್ಯಾಟರಿಗೆ ಅಂಟಿಕೊಂಡೇ ಇರಬೇಕು.

ಮತ್ತೆ ನನ್ನ ಮಾತಿಗೆ ಬರುತ್ತೇನೆ. ಬಿಸಿಯಿಂದ ಎಷ್ಟು ವ್ಯತ್ಯಾಸ ಆಯಿತು? 44ರಿಂದ 44.8. 2% ಕೂಡ ಇಲ್ಲ. ಒಂದೇ ಬೋರ್ಡ್, ಒಂದೇ ಗಾಡಿ. ಭಾಗಿಸಿ ಬಿಟ್ಟರೆ ಏನು ಗಂಟು ಹೋಗುತ್ತದೆ?

ಶಂಟ್‌ಪ್ರಿಯ
ಒಂದೇ ಬೋರ್ಡ್ ಅನ್ನುವುದಾದರೆ ನಿಮ್ಮ ಮಾತಿಗೆ ಬೆಲೆ ಇದೆ. ನೂರು ಬೋರ್ಡ್ ಆದರೆ ಪ್ರತಿಯೊಂದಕ್ಕೂ ಬೇರೆ ಬೇರೆ ಅಂಕಿಯಿಂದ ಭಾಗಿಸಬೇಕು. ಆದರೆ ಈ ಬೋರ್ಡಿನಲ್ಲಿ ಅಳತೆಯ ದಾರಿಯಲ್ಲಿ ಬೆಸುಗೆಯೂ ಇದೆ. ವ್ಯಾನು ಗುಂಡಿಯಲ್ಲಿ ಕುಣಿದು ಬೆಸುಗೆ ಬಿರುಕು ಬಿಟ್ಟರೆ ರೀಡಿಂಗ್ ಸದ್ದಿಲ್ಲದೆ ಇನ್ನೂ ಮೇಲೆ ಹೋಗುತ್ತದೆ. ಆಗ ಯಾವ ಅಂಕಿಯಿಂದ ಭಾಗಿಸುತ್ತೀರಿ?

ಫ್ಯೂಸಿನ ಹೋಲಿಕೆಯೂ ಪೂರ್ತಿ ಸರಿಯಲ್ಲ. ಫ್ಯೂಸ್ ಕರೆಂಟ್ ಅಳೆಯುವುದೇ ಇಲ್ಲ. ವೈರ್ ಹೇಗೆ ಬಿಸಿಯಾಗುತ್ತದೋ ಹಾಗೇ ತಾನೂ ಬಿಸಿಯಾಗುತ್ತದೆ. ಬೋರ್ಡಿಗೆ ಆ ಗುಣ ಹುಟ್ಟಿನಿಂದ ಬಂದಿಲ್ಲ, ಲೆಕ್ಕ ಹಾಕಿ ಬರಿಸಿಕೊಳ್ಳಬೇಕು. ಬಿಸಿ ಕರೆಂಟಿನ ವರ್ಗದಂತೆ ಏರುತ್ತದೆ. ಕರೆಂಟ್ ಓದುವುದರಲ್ಲಿ 10% ತಪ್ಪಿದರೆ ಬಿಸಿಯ ಲೆಕ್ಕದಲ್ಲಿ 21% ತಪ್ಪು.

ಸಂಜೆ ಟ್ರಿಪ್ ಆಗೋದು ಯಾಕೆ ಅನ್ನೋದಕ್ಕೂ ಉತ್ತರ ಇಲ್ಲೇ ಇದೆ. ಇನ್ವರ್ಟರ್ ಹೊರಗೆ ಕೊಡುವ ಪವರ್ ಅಷ್ಟೇ ಇರುತ್ತದೆ, ಆದ್ದರಿಂದ ವೋಲ್ಟೇಜ್ ಇಳಿದರೆ ಎಳೆಯುವ ಕರೆಂಟ್ ಏರುತ್ತದೆ. 500 ವ್ಯಾಟ್, ಎಫಿಶಿಯನ್ಸಿ 85% ಅಂದುಕೊಂಡರೆ 12 ವೋಲ್ಟಿಗೆ 49 ಆಂಪ್, 11 ವೋಲ್ಟಿಗೆ 53.5. ಬಿಸಿಯಾದ ಬೋರ್ಡ್ ಅದನ್ನು 60 ಅಂತ ಓದುತ್ತದೆ. ಕಟ್.

ಕೆಂಪುವೈರ್
ನಿಲ್ಲಿ, ಇಲ್ಲಿ ಎಲ್ಲರೂ ಒಂದನ್ನು ದಾಟಿ ಹೋಗುತ್ತಿದ್ದೀರಿ. ಬಲ್ಬ್ ಲೋಡಿನ ಕರೆಂಟ್ ನೇರ ಗೆರೆ. ಇನ್ವರ್ಟರ್ ಎಳೆಯುವ ಕರೆಂಟ್ ಹಾಗಿರಲ್ಲ. 50 ಹರ್ಟ್ಸ್ ಎಸಿ ಕೊಡುವ ಇನ್ವರ್ಟರ್ ಬ್ಯಾಟರಿಯಿಂದ ಸೆಕೆಂಡಿಗೆ 100 ಸಲ ಏರಿ ಇಳಿಯುವ ಕರೆಂಟ್ ಎಳೆಯುತ್ತದೆ. ಒಳಗಿನ ಕೆಪಾಸಿಟರ್ ಕಳಪೆ ಆದಷ್ಟೂ ಏರಿಳಿತ ಜಾಸ್ತಿ. ಕ್ಲಾಂಪ್ ಮೀಟರನ್ನು ಡಿಸಿಯಲ್ಲಿ ಇಟ್ಟರೆ ಅದು ಸರಾಸರಿ ತೋರಿಸುತ್ತದೆ. ವೈರ್ ಬಿಸಿಯಾಗೋದು ಆರ್‌ಎಂಎಸ್‌ನಿಂದ (ಕರೆಂಟಿನ ವರ್ಗದ ಸರಾಸರಿ ತೆಗೆದು ಅದರ ವರ್ಗಮೂಲ). ಏರಿಳಿತ ಪೂರ್ತಿ ಸೊನ್ನೆ ಮುಟ್ಟಿ ಬರುವ ಕೆಟ್ಟ ಸ್ಥಿತಿಯಲ್ಲಿ ಸರಾಸರಿ 50 ಇದ್ದರೆ ಆರ್‌ಎಂಎಸ್ 61!

ಅಂದರೆ ಶಂಟನ್ನು ಎಷ್ಟೇ ಚೆನ್ನಾಗಿ ಸರಿ ಮಾಡಿದರೂ ಕ್ಲಾಂಪ್ ಹೇಳುವ ಅಂಕಿಗೆ ಹೊಂದಿಸಿಟ್ಟರೆ ವೈರಿನ ನಿಜವಾದ ಬಿಸಿ ಗೊತ್ತಾಗಲ್ಲ.

ಶಂಟ್‌ಪ್ರಿಯ
ಇದು ದೊಡ್ಡ ಮಾತು. ಅವರ ಪ್ರೋಗ್ರಾಮ್ ಎಷ್ಟು ವೇಗವಾಗಿ ಓದುತ್ತದೆ ಅಂತ ನಾನು ಕೇಳಬೇಕಿತ್ತು. ಸೆಕೆಂಡಿಗೆ 2000 ಸಲವಾದರೂ ಓದಿ, ಪ್ರತಿ ರೀಡಿಂಗನ್ನು ವರ್ಗ ಮಾಡಿ ಕೂಡಿಸಿ. ಓವರ್‌ಲೋಡ್ ನಿರ್ಧಾರ ಅದರಿಂದ ಆಗಲಿ.

ಶಾರ್ಟ್ ಸರ್ಕ್ಯೂಟಿಗೆ ಮಾತ್ರ ಈ ದಾರಿ ಬೇಡ. ಅಲ್ಲಿ ಕರಾರುವಾಕ್ಕು ಬೇಕಿಲ್ಲ, ವೇಗ ಬೇಕು. ಹೋಗಿಬರುವ ಕೇಬಲ್ ಸೇರಿ ಇಂಡಕ್ಟೆನ್ಸ್ (ಕರೆಂಟ್ ತಟ್ಟನೆ ಬದಲಾಗದಂತೆ ತಡೆಯುವ ಗುಣ) 5 ಮೈಕ್ರೋಹೆನ್ರಿ ಅಂದುಕೊಂಡರೆ 12 ವೋಲ್ಟಿನಲ್ಲಿ ಕರೆಂಟ್ ಪ್ರತಿ ಮೈಕ್ರೋಸೆಕೆಂಡಿಗೆ 2.4 ಆಂಪ್ ಏರುತ್ತದೆ. 100 ಮೈಕ್ರೋಸೆಕೆಂಡ್ ಯೋಚನೆ ಮಾಡುತ್ತಾ ಕೂತರೆ 240 ಆಂಪ್ ಸೇರಿಕೊಂಡಿರುತ್ತದೆ, ಅದನ್ನು ಮಾಸ್‌ಫೆಟ್ ಅನುಭವಿಸಬೇಕು. ಆದ್ದರಿಂದ ಮಿತಿ ದಾಟಿದ ಕೂಡಲೇ ಮೈಕ್ರೋಕಂಟ್ರೋಲರನ್ನು ಕೇಳದೆ ನೇರ ಕಟ್ ಮಾಡುವ ಕಂಪ್ಯಾರೇಟರ್ ಬೇರೆ ಇರಬೇಕು. ಮಿಕ್ಸಿ ಶುರುವಾದಾಗ ಒಮ್ಮೆಗೇ ಏರುವ ಕರೆಂಟಿಗಿಂತ ಸಾಕಷ್ಟು ಮೇಲೆ ಅದರ ಮಿತಿ ಇಡಿ.

ಅಲ್ಲಿ ಶಂಟಿನ ಇಂಡಕ್ಟೆನ್ಸ್ ಕೂಡ ಆಟ ಆಡುತ್ತದೆ. 3 ನ್ಯಾನೋಹೆನ್ರಿ ಇದ್ದರೂ ಅದೇ ಏರಿಕೆಗೆ 7 ಮಿಲಿವೋಲ್ಟ್ ಹೆಚ್ಚು ಬರುತ್ತದೆ, ಅಂದರೆ ಇಲ್ಲದ 14 ಆಂಪ್. ಆಂಪ್ಲಿಫೈಯರ್ ಮುಂದೆ 6 ಮೈಕ್ರೋಸೆಕೆಂಡಿನ ಸಣ್ಣ ಆರ್‌ಸಿ (ರೆಸಿಸ್ಟರ್-ಕೆಪಾಸಿಟರ್) ಫಿಲ್ಟರ್ ಹಾಕಿದರೆ ಸರಿಹೋಗುತ್ತದೆ. 3 ನ್ಯಾನೋಹೆನ್ರಿಯನ್ನು 0.5 ಮಿಲಿಓಮಿನಿಂದ ಭಾಗಿಸಿ ನೋಡಿ, ಅದೇ 6 ಬರುತ್ತದೆ.

ಇಇಇ_ಮೂರನೇವರ್ಷ
ಕರೆಂಟ್ ಸೆನ್ಸ್ ಪಿನ್ ಇರುವ ಸ್ಮಾರ್ಟ್ ಸ್ವಿಚ್ ಚಿಪ್ ಹಾಕಿದರೆ ಶಂಟೇ ಬೇಡ ಅಲ್ವಾ?

ಕೆಂಪುವೈರ್
ಹೆಡ್‌ಲೈಟು, ವೈಪರ್‌ಗೆ ಅದು ಚೆನ್ನ. ಒಳಗಿನ ಮಾಸ್‌ಫೆಟ್‌ನ ಕೆಲವು ಸಣ್ಣ ಕೋಶಗಳ ಕರೆಂಟ್ ನೋಡಿ ಒಟ್ಟು ಎಷ್ಟು ಅಂತ ಹೇಳುತ್ತದೆ. ಪೂರ್ತಿ ಲೋಡಿಗೆ ಪರವಾಗಿಲ್ಲ, ಸಣ್ಣ ಕರೆಂಟಿಗೆ ತಪ್ಪು ವಿಪರೀತ. ಡೇಟಾಶೀಟಿನಲ್ಲಿ ಆ ಅನುಪಾತದ ಕನಿಷ್ಠ ಗರಿಷ್ಠ ಎರಡೂ ಇರುತ್ತವೆ, ನೋಡಿ ಆರಿಸಿ.

ಜ್ಯೂಸ್‌ಗಾಡಿ_ಶಿವಮೊಗ್ಗ
ಹಳೇ ಗೆರೆ ಕತ್ತರಿಸಿ, ಶಂಟಿನ ಒಳ ಅಂಚಿನಿಂದ ಎರಡು ತೆಳು ವೈರ್ ತಿರುಚಿ ಎಳೆದೆ. ಹಿತ್ತಾಳೆ ಶಂಟಿನಲ್ಲಿ 60 ಮಿಲಿವೋಲ್ಟ್ ಇದ್ದಾಗ ಬೋರ್ಡ್ 40.2. ಬಿಸಿಯಾದ ಮೇಲೆ 40.3. ಆಮೇಲೆ ಇನ್ವರ್ಟರ್ ಹಚ್ಚಿ ವೇಗವಾಗಿ ಓದಿದೆ. ಸರಾಸರಿ 50, ಆದರೆ 15ರಿಂದ 85ರವರೆಗೆ ಕುಣಿಯುತ್ತಿದೆ. ವರ್ಗ ಮಾಡಿ ಕೂಡಿಸಿದರೆ ಆರ್‌ಎಂಎಸ್ 56. ಬ್ಯಾಟರಿ ಇಳಿದರೆ ಮತ್ತೆ 60 ಮುಟ್ಟುತ್ತದೆ. ಮಿತಿಯನ್ನು 75ಕ್ಕೆ ಏರಿಸಲಾ?

ಶೆಡ್_ಹುಬ್ಬಳ್ಳಿ
10 ಸ್ಕ್ವೇರ್ ವೈರಿನ ಮೇಲೆ 75 ಬೇಡವೇ ಬೇಡ. ಗಾಡಿಗೆ ಹಾಕುವ ತೆಳು ಇನ್ಸುಲೇಶನ್ ವೈರ್ ಆ ಸೈಜಿಗೆ 70 ಆಂಪ್ ಅಂತ ಇರುತ್ತದೆ, ಅದೂ ಗಾಳಿಯಲ್ಲಿ. ನೀವು ಪೈಪಿನೊಳಗೆ ಎಳೆದಿದ್ದರೆ ಇನ್ನೂ ಕಮ್ಮಿ. 16 ಸ್ಕ್ವೇರ್ ಎಳೆಯಿರಿ, ಆಮೇಲೆ 75 ಇಡಿ. ಬ್ಯಾಟರಿ ಬುಡದಲ್ಲಿ 80 ಆಂಪಿನ ಮಾಮೂಲಿ ಫ್ಯೂಸೂ ಒಂದಿರಲಿ.

ಶಂಟ್‌ಪ್ರಿಯ
ವೈರ್ ಒಪ್ಪಿದೆ. ಫ್ಯೂಸ್ 100 ಇರಲಿ. 80 ಹಾಕಿದರೆ ಬೋರ್ಡಿಗಿಂತ ಮೊದಲು ಅದೇ ಹೋಗಬಹುದು.

ಶೆಡ್_ಹುಬ್ಬಳ್ಳಿ
100ರ ಫ್ಯೂಸ್ 110 ಆಂಪನ್ನು ಗಂಟೆಗಟ್ಟಲೆ ಹೊರುತ್ತದೆ. 16ರ ವೈರಿನ ಮಿತಿಯೇ 110. ಮಾಸ್‌ಫೆಟ್ ಸುಟ್ಟರೆ ಎಷ್ಟೋ ಸಲ ಶಾರ್ಟ್ ಆಗಿಯೇ ನಿಲ್ಲುತ್ತದೆ, ಆಗ ನಿಮ್ಮ ಬೋರ್ಡ್ ಬರೀ ತಾಮ್ರದ ತುಂಡು. 56 ಆಂಪ್ 80ರಲ್ಲಿ 70%, ಅದು ಸುಮ್ನೆ ಹೋಗಲ್ಲ. 80ನ್ನೇ ಹಾಕಿ.

ಜ್ಯೂಸ್‌ಗಾಡಿ_ಶಿವಮೊಗ್ಗ
ಸರಿ, 16 ಸ್ಕ್ವೇರ್ ಮತ್ತು 80. ಕಂಪ್ಯಾರೇಟರಿಗೆ ಬೋರ್ಡಿನಲ್ಲಿ ಜಾಗ ಇದೆಯಾ ನೋಡಿ ಫೋಟೋ ಹಾಕುತ್ತೇನೆ.