ಮಳೆಗಾಲದಲ್ಲಿ ಕಾರ್ಡಿನ ಮೇಲೆ ಇಂಕ್ ಒಣಗುತ್ತಿಲ್ಲ. ಕನ್ನಡ ಅಕ್ಷರದ ಅಚ್ಚು ಮಾಡುವುದು ಹೇಗೆ?

ಕಾಗದದೋಣಿ, ಅಂಕೋಲಾ

ಎಲ್ಲರಿಗೂ ನಮಸ್ಕಾರ. ನಾನು ಮನೆಯಲ್ಲೇ ಕೈಯಿಂದ ಶುಭಾಶಯದ ಕಾರ್ಡ್ ಮಾಡುತ್ತೇನೆ. ಹುಟ್ಟುಹಬ್ಬ, ಮದುವೆ, ಗೃಹಪ್ರವೇಶ, ಯಾರು ಏನು ಕೇಳಿದರೂ. ಪೇಟೆಯ ಒಂದು ಬುಕ್‌ಸ್ಟಾಲಿನವರು ಕೌಂಟರ್ ಹತ್ತಿರ ಇಟ್ಟು ಮಾರಿಕೊಡುತ್ತಾರೆ. ಚೌತಿಗೆ ಮುಂಬೈ, ಪುಣೆ ಕಡೆಯಿಂದ ಊರಿಗೆ ಬಂದವರು ಜಾಸ್ತಿ ಒಯ್ಯುತ್ತಾರೆ. ಹಾಗಾಗಿ ನನಗೆ ಕೆಲಸ ಜೋರಾಗುವುದು ಆಷಾಢ, ಶ್ರಾವಣದಲ್ಲೇ. ನಮ್ಮ ಕಡೆ ಆಗ ಮಳೆ ಹೇಗಿರುತ್ತದೆ ಅಂತ ಗೊತ್ತೇ ಇದೆಯಲ್ಲ.

ಬಿಳಿ ಹೊಳಪಿನ ಕಾರ್ಡ್ ಮೇಲೆ ಪಿಗ್ಮೆಂಟ್ ಇಂಕಿನಲ್ಲಿ ಸ್ಟ್ಯಾಂಪ್ ಒತ್ತುತ್ತೇನೆ. ಸಂಜೆ ಒತ್ತಿದ್ದನ್ನು ಮರುದಿನ ಬೆಳಿಗ್ಗೆ ಮುಟ್ಟಿದರೂ ಬೆರಳಿಗೆ ಬಣ್ಣ ಬರುತ್ತದೆ. ಫ್ಯಾನ್ ಕೆಳಗೆ ಇಟ್ಟರೂ ಅಷ್ಟೇ. ಕಾರ್ಡಂತೂ ಅರ್ಧ ಒಣಗಿದ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ.

ಇದಕ್ಕಿಂತ ದೊಡ್ಡ ಚಿಂತೆ ಇನ್ನೊಂದಿದೆ. ಆನ್‌ಲೈನ್‌ನಲ್ಲಿ ಸಿಗುವ ಸ್ಟ್ಯಾಂಪ್ ಸೆಟ್‌ಗಳಲ್ಲಿ ನಾನು ನೋಡಿದ್ದೆಲ್ಲ ಇಂಗ್ಲಿಷೇ. ಅಜ್ಜಿಗೆ ಎಂಬತ್ತು ತುಂಬಿತು, ಒಂದು ಚಂದದ ಕಾರ್ಡ್ ಮಾಡಿಕೊಡು ಅಂತ ಮೊಮ್ಮಗಳು ಕೇಳುತ್ತಾಳೆ. ಆ ಅಜ್ಜಿ ಓದುವುದು ಕನ್ನಡ. ಅವರ ಕೈಗೆ 'ಹ್ಯಾಪಿ ಬರ್ತ್‌ಡೇ' ಅಂತ ಒತ್ತಿ ಕೊಡಲು ನನಗೆ ಮನಸ್ಸಾಗುವುದಿಲ್ಲ. ಸೀಲ್ ಮಾಡುವ ಒಂದು ಅಂಗಡಿಯಲ್ಲಿ 'ಹುಟ್ಟುಹಬ್ಬದ ಶುಭಾಶಯ' ಅಂತ ಮಾಡಿಸಿದೆ. ಅಕ್ಷರ ತೀರಾ ಸಣ್ಣ ಮಾಡಿದ್ದಾರೆ. ಟ ಒತ್ತಿನೊಳಗೆ ಇಂಕ್ ತುಂಬಿ ಬರೀ ಚುಕ್ಕೆಯಾಗಿ ಬೀಳುತ್ತದೆ. 'ಭ' ಕೆಳಗಿನ ಸೀಳು ಮುಚ್ಚಿ 'ಶುಬಾಶಯ' ಅಂತ ಓದಿಸುತ್ತದೆ. ಅಂಥದ್ದನ್ನು ಯಾರಿಗೆ ಕೊಡಲಿ?

ಅಳಿಸುವ ರಬ್ಬರಿನಲ್ಲಿ ನಾನೇ ಕೆತ್ತಬಹುದಾ? ಕನ್ನಡ ಅಕ್ಷರ ಕೆತ್ತಿದವರು ಯಾರಾದರೂ ಇದ್ದೀರಾ?

ಹಾಳೆಟೊಪ್ಪಿ, ಶಿರಸಿ

ತಂಗಿ, ಕಾಗದದ ವಿಷಯ ಮೊದಲು ಮುಗಿಸುತ್ತೇನೆ. ಆಮೇಲೆ ಕನ್ನಡಕ್ಕೆ ಬರುತ್ತೇನೆ, ನನಗೆ ಹೇಳಲಿಕ್ಕೆ ಇರುವುದು ಅದೇ.

ಪಿಗ್ಮೆಂಟ್ ಇಂಕ್ ಕಾಗದದ ಮೇಲೆ ಕೂರುತ್ತದೆ. ಸ್ವಲ್ಪ ಕಾಗದ ಹೀರಿಕೊಳ್ಳಬೇಕು, ಉಳಿದದ್ದು ಗಾಳಿಗೆ ಆರಬೇಕು. ಹೊಳಪಿನ ಕಾರ್ಡಿಗೆ ಮೇಲೊಂದು ಲೇಪ ಇರುತ್ತದೆ, ಅದು ಹೀರುವುದಿಲ್ಲ. ನಮ್ಮ ಗಾಳಿಯಲ್ಲಿ ಮೊದಲೇ ನೀರು ತುಂಬಿರುತ್ತದೆ. ಮತ್ತೆ ಹೇಗೆ ಒಣಗಬೇಕು? ಹೊಳಪಿಲ್ಲದ ಕಾರ್ಡ್ ತಗೋ, ಕಾಗದದೊಳಗೆ ಇಳಿಯುವ ಡೈ ಇಂಕಿನ ಪ್ಯಾಡ್ ತಗೋ. ಒತ್ತಿ ಪಕ್ಕಕ್ಕಿಡುವಷ್ಟರಲ್ಲಿ ಒಣಗಿರುತ್ತದೆ. ಆದರೆ ಡೈ ಇಂಕ್ ನೀರು ಬಿದ್ದರೆ ಹರಡುತ್ತದೆ, ಅದು ನೆನಪಿರಲಿ. ಆಫೀಸಿನ ನೇರಳೆ ಪ್ಯಾಡ್ ಮಾತ್ರ ಬೇಡ. ಪ್ಯಾಡ್ ಒಣಗದಿರಲಿ ಅಂತ ಅದರ ಇಂಕಿಗೆ ಗ್ಲಿಸರಿನ್ ಥರದ್ದು ಸೇರಿಸಿರುತ್ತಾರೆ. ಅದು ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ.

ನಿನ್ನ ಹತ್ತಿರ ಇರುವ ಪಿಗ್ಮೆಂಟ್ ಪ್ಯಾಡ್ ಎಸೆಯಬೇಡ. ಬಿಸಿಗೆ ಕರಗಿ ಅಕ್ಷರವನ್ನು ಉಬ್ಬಿಸುವ ಎಂಬಾಸಿಂಗ್ ಪೌಡರಿಗೆ ಅದೇ ಬೇಕು, ಹಸಿ ಇಂಕಿಗೇ ಪುಡಿ ಅಂಟುವುದು. ಕರಗಿಸಲು ಹೀಟ್ ಗನ್ ಬೇಕು. ಹೇರ್ ಡ್ರೈಯರ್ ಆಗುವುದಿಲ್ಲ, ಅಷ್ಟು ಬಿಸಿಯೂ ಬರುವುದಿಲ್ಲ, ಗಾಳಿಗೆ ಪುಡಿಯೆಲ್ಲ ಹಾರುತ್ತದೆ. ಮಳೆಗಾಲದಲ್ಲಿ ಸ್ಟ್ಯಾಂಪ್ ಒತ್ತುವ ಮೊದಲು ಖಾಲಿ ಕಾರ್ಡನ್ನು ಒಮ್ಮೆ ಬೆಚ್ಚಗೆ ಮಾಡಿ ತೇವ ತೆಗೆದುಬಿಡು. ಇಲ್ಲದಿದ್ದರೆ ಬೆರಳು ತಾಗಿದಲ್ಲೆಲ್ಲ ಪುಡಿ ಅಂಟಿ ಕಾರ್ಡ್ ಪೂರ್ತಿ ಚುಕ್ಕೆ ಚುಕ್ಕೆ.

ಸೊಟ್ಟಗಾಗುವುದಕ್ಕೆ ಕಾಗದದ ನಾರಿನ ದಿಕ್ಕು ನೋಡು. ಹಾಳೆಯನ್ನು ಉದ್ದಕ್ಕೂ ಅಡ್ಡಕ್ಕೂ ಮೆಲ್ಲಗೆ ಬಾಗಿಸು. ಯಾವ ಕಡೆ ಸುಲಭವಾಗಿ ಬಾಗುತ್ತದೋ ಆ ಕಡೆಗೇ ಮಡಿಕೆ ಬರಬೇಕು. ಮಡಿಕೆ ಒಡೆಯುವುದೂ ಇಲ್ಲ. ನೀರು ಗೋಂದು ಬಿಟ್ಟು ಡಬಲ್ ಸೈಡ್ ಟೇಪ್ ಹಾಕು. ಮಾಡಿದ ಕಾರ್ಡ್‌ಗಳನ್ನು ಗಾಳಿಯಾಡದ ಡಬ್ಬದಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ, ಮೇಲೆ ಭಾರ ಇಟ್ಟು ಮುಚ್ಚಿಡು.

ಇನ್ನು ಅಕ್ಷರ. ಕನ್ನಡವನ್ನು ಇಂಗ್ಲಿಷಿನ ಹಾಗೆ ಕೆತ್ತಲು ಹೋದರೆ ಪ್ರಾಣ ಹೋಗುತ್ತದೆ. ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ನೇರ ಗೆರೆ ಜಾಸ್ತಿ. ನಮ್ಮದರಲ್ಲಿ ಎಲ್ಲ ಸುತ್ತು, ಸುತ್ತಿನೊಳಗೆ ಸುತ್ತು, ಕೆಳಗೆ ಒತ್ತು, ಪಕ್ಕದಲ್ಲಿ ಕೊಂಬು. ಅಕ್ಷರವನ್ನು ಎತ್ತರಕ್ಕೆ ಉಳಿಸಿ ಸುತ್ತಲಿನ ರಬ್ಬರನ್ನೆಲ್ಲ ತೆಗೆಯುತ್ತೇನೆ ಅಂದರೆ, ಎರಡು ಕಡೆಯಿಂದ ಕತ್ತರಿಸಿ ನಡುವೆ ಕೂದಲೆಳೆಯ ಗೋಡೆ ನಿಲ್ಲಿಸಬೇಕು. ಅದಕ್ಕೇ ನಾನು ಉಲ್ಟಾ ಮಾಡುತ್ತೇನೆ. ಅಕ್ಷರವನ್ನೇ ಕೆತ್ತಿ ತೆಗೆ, ಹಿನ್ನೆಲೆ ಉಳಿಸು. ಪೆನ್ನಿನಲ್ಲಿ ಬರೆದ ಹಾಗೆ ವಿ ಮೂತಿಯ ಕಟರ್ ಗೆರೆಯ ಮೇಲೇ ಓಡುತ್ತದೆ. ಒತ್ತಿದಾಗ ಬಣ್ಣದ ಪಟ್ಟಿಯಲ್ಲಿ ಬಿಳಿ ಅಕ್ಷರ ಮೂಡುತ್ತದೆ. ಟ ಒತ್ತಿರಲಿ, ಬ ಒತ್ತಿರಲಿ, ಒಂದೇ ಎಳೆತ. 'ಭ' ಸೀಳಿಗೆ ಕೊನೆಯಲ್ಲಿ ಒಂದು ಸಣ್ಣ ಗೀರು ಸಾಕು.

ನಮ್ಮೂರಲ್ಲಿ ಇದನ್ನು ಗೋಡೆಯ ಮೇಲೇ ನೋಡಬಹುದು. ಶಿರಸಿಗೆ ಬಂದರೆ ಮಾರಿಕಾಂಬಾ ದೇವಸ್ಥಾನದ ಕಾವಿ ಚಿತ್ರಗಳನ್ನು ಹತ್ತಿರ ನಿಂತು ನೋಡು. ಬಿಳಿ ಸುಣ್ಣದ ಗಾರೆಯ ಮೇಲೆ ಕೆಂಪು ಪದರ ಬಳಿದು, ಅದು ಹಸಿ ಇರುವಾಗಲೇ ಮೊನಚಾದ ಉಪಕರಣದಿಂದ ಕೆರೆದು ಒಳಗಿನ ಬಿಳಿ ಕಾಣಿಸುವುದು ಕಾವಿಯ ಕ್ರಮ. ತೆಗೆದದ್ದು ಬಿಳಿ, ಉಳಿದದ್ದು ಕೆಂಪು. ಗೋವಾದಿಂದ ನಮ್ಮ ಜಿಲ್ಲೆಯವರೆಗೆ ದೇವಸ್ಥಾನಗಳಲ್ಲಿ ಈ ಕೆಲಸ ಇದೆ, ಎಷ್ಟೋ ಕಡೆ ಪೇಂಟ್ ಬಳಿದು ಮುಚ್ಚಿಬಿಟ್ಟಿದ್ದಾರೆ. ನಿನ್ನ ಕನ್ನಡದ ಅಚ್ಚನ್ನು ಇಟ್ಟಿಗೆ ಕೆಂಪು ಇಂಕಿನಲ್ಲಿ ಬಿಳಿ ಕಾರ್ಡಿನ ಮೇಲೆ ಒತ್ತಿ ನೋಡು. ಅಂಚಿಗೆ ಒಂದು ಬಳ್ಳಿ ಸಾಕು. ನಮ್ಮ ಜಿಲ್ಲೆಯ ಕಾರ್ಡ್ ಅಂತ ಅದೇ ಹೇಳುತ್ತದೆ.

ಕೆತ್ತುವಾಗ ಗಮನಿಸಬೇಕಾದ್ದು: ಅಕ್ಷರವನ್ನು ಬಟರ್ ಪೇಪರ್ ಮೇಲೆ ಮೆತ್ತನೆ ಪೆನ್ಸಿಲಿನಲ್ಲಿ ನೇರವಾಗಿಯೇ ಬರೆ. ಅದನ್ನು ರಬ್ಬರಿನ ಮೇಲೆ ಬೋರಲು ಹಾಕಿ ಉಗುರಿನಿಂದ ಉಜ್ಜು. ರಬ್ಬರಿನಲ್ಲಿ ತಿರುಗಿ ಮೂಡುತ್ತದೆ, ಒತ್ತಿದಾಗ ಸರಿಯಾಗಿ ಬರುತ್ತದೆ. ಎತ್ತರ ಒಂದೂವರೆ ಸೆಂಟಿಮೀಟರಿಗಿಂತ ಕಡಿಮೆ ಬೇಡ. ಸುತ್ತಿನ ನಡುವೆ ಉಳಿಯುವ ಸಣ್ಣ ದ್ವೀಪಗಳಿವೆಯಲ್ಲ, 'ಠ' ನಡುವಿನ ಚುಕ್ಕೆಯ ಸುತ್ತ ಉಳಿಯುವ ಬಳೆಯ ಹಾಗೆ, ಅವುಗಳ ಬುಡ ಅಗಲ ಇರಬೇಕು. ಕಟರಿನ ಮೊನೆ ದ್ವೀಪದಿಂದ ಹೊರಗೆ ವಾಲುವ ಹಾಗೆ ಹಿಡಿ. ಬುಡದ ಕೆಳಗೆ ಕೊರೆದರೆ ನಾಲ್ಕು ಸಲ ಒತ್ತುವಷ್ಟರಲ್ಲಿ ಕಿತ್ತು ಬರುತ್ತದೆ. ತಿರುವಿನಲ್ಲಿ ಕಟರ್ ತಿರುಗಿಸಬೇಡ, ಎಡಗೈಯಿಂದ ರಬ್ಬರನ್ನೇ ತಿರುಗಿಸು.

ಅಗಲ ಹಿನ್ನೆಲೆ ಇರುವುದರಿಂದ ಬಣ್ಣ ಸಮನಾಗಿ ಹತ್ತಬೇಕು. ಅಚ್ಚನ್ನು ಪ್ಯಾಡಿಗೆ ಒತ್ತಬೇಡ. ಅಚ್ಚು ಅಂಗಾತ ಹಿಡಿದು ಪ್ಯಾಡನ್ನು ಅದರ ಮೇಲೆ ತಟ್ಟು. ಕಾರ್ಡಿನ ಅಡಿಗೆ ನಾಲ್ಕು ಮಡಿಕೆ ಪೇಪರ್ ಹಾಕಿಕೋ.

ಕೆಮ್ಮಣ್ಣುದಾರಿ, ಸಿದ್ದಾಪುರ

ಅಕ್ಕ ಹೇಳಿದ್ದು ಸರಿ. ಇಂಕ್ ಬದಲು ನಿಜವಾದ ಕೆಮ್ಮಣ್ಣೇ ಬಳಸಬಹುದು. ನುಣ್ಣಗೆ ಅರೆದು, ತೆಳು ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಗೋಂದಿನ ನೀರಿನಲ್ಲಿ ಕಲಸಿ. ಸ್ಪಂಜಿನಿಂದ ಅಚ್ಚಿಗೆ ಹಚ್ಚಿ. ಗೋಂದು ಕಡಿಮೆಯಾದರೆ ಒಣಗಿದ ಮೇಲೆ ಕೈಗೆ ಹತ್ತುತ್ತದೆ, ಜಾಸ್ತಿಯಾದರೆ ಮಳೆಗಾಲದಲ್ಲಿ ಕಾರ್ಡಿಗೆ ಕಾರ್ಡ್ ಅಂಟುತ್ತದೆ. ಒಂದು ಚೂರು ಕಾಗದದಲ್ಲಿ ಒತ್ತಿ ನೋಡಿ ಹದ ಮಾಡಿಕೊಳ್ಳಿ.

ಒಂದು ಕೋರಿಕೆ. ಕಾವಿ ಮಾಡಿ, ಆದರೆ ಹಸೆ ಚಿತ್ತಾರವನ್ನು ಅಚ್ಚಿಗೆ ಇಳಿಸಬೇಡಿ. ದೀವರ ಮನೆಗಳಲ್ಲಿ ಹೆಂಗಸರು ಪುಂಡಿ ನಾರಿನ ಕುಂಚದಲ್ಲಿ ಎಳೆಯುವ ಗೆರೆ ಅದು. ಆ ಗೆರೆಯಲ್ಲಿ ಕೈ ಕಾಣಬೇಕು. ಬೇಕಾದರೆ ಅಕ್ಷರ ಅಚ್ಚಿನಲ್ಲಿ ಒತ್ತಿ, ಚಿತ್ತಾರದ ಅಂಚನ್ನು ಬರೆಯಲು ಬಲ್ಲವರ ಹತ್ತಿರ ಬರೆಸಿ, ಅವರ ದುಡ್ಡು ಅವರಿಗೆ ಕೊಡಿ. ಕಾರ್ಡಿನ ಬೆಲೆ ಹೆಚ್ಚಾದರೂ ತೆಗೆದುಕೊಳ್ಳುವವರು ಇದ್ದಾರೆ.

ಕಾಳಿತೀರ, ಕಾರವಾರ

ಅಂಚೆಗೆ ಹಾಕುವವರಿದ್ದರೆ ತೂಕ ನೋಡಿಕೊಳ್ಳಿ ತಂಗೀ. ಸಾದಾ ಪತ್ರಕ್ಕೆ ಮೊದಲ 20 ಗ್ರಾಂಗೆ 5 ರೂಪಾಯಿ. 300 ಜಿಎಸ್‌ಎಂ (ಅಂದರೆ ಚದರ ಮೀಟರಿಗೆ 300 ಗ್ರಾಂ) ಕಾಗದದ ಒಂದು ಎ4 ಹಾಳೆಯೇ ಹತ್ತಿರ ಹತ್ತಿರ 19 ಗ್ರಾಂ ಬರುತ್ತದೆ. ಪೂರ್ತಿ ಹಾಳೆ ಮಡಚಿದರೆ ಕವರ್ ಸೇರಿ 20 ದಾಟಿತು. ಅರ್ಧ ಹಾಳೆ ಮಡಚಿದರೆ ಒಂಬತ್ತೂವರೆ ಗ್ರಾಂ ಅಷ್ಟೇ, ಒಳಗೊಂದು ಚೀಟಿ ಇಟ್ಟರೂ ತೊಂದರೆ ಇಲ್ಲ. ಕಾಗದದ ಹೂವು ಉಬ್ಬಿಸಿ ಅಂಟಿಸಿದ್ದು ಸಾದಾ ಕವರಿನಲ್ಲಿ ಜಜ್ಜಿಹೋಗುತ್ತದೆ, ಅದನ್ನು ಕೈಯಲ್ಲೇ ಕೊಡುವವರಿಗೆ ಮಾರಿ. ವಿಳಾಸ ಬಾಲ್ ಪೆನ್ನಿನಲ್ಲಿ ಬರೆಯಲು ಹೇಳಿ. ಜೆಲ್ ಪೆನ್ ಬೇಡ, ಒಂದು ಹನಿ ಬಿದ್ದರೆ ಪಿನ್‌ಕೋಡ್ ಹೋಯಿತು. ಮೊದಲಿನ ರಿಜಿಸ್ಟರ್ಡ್ ಪೋಸ್ಟ್ ಈಗ ಇಲ್ಲ, 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಸೇರಿಸಿದ್ದಾರೆ.

ಇನ್ನೊಂದು, ಗೋಂದು ಹಚ್ಚಿದ ಕವರ್‌ಗಳನ್ನು ಕಟ್ಟಾಗಿ ಇಡಬೇಡಿ. ಜುಲೈಯಲ್ಲಿ ತಮ್ಮಷ್ಟಕ್ಕೇ ಅಂಟಿಕೊಂಡಿರುತ್ತವೆ. ನಡುನಡುವೆ ಬಟರ್ ಪೇಪರ್ ಪಟ್ಟಿ ಹಾಕಿ.

ಕಾಗದದೋಣಿ, ಅಂಕೋಲಾ

ಅಕ್ಕಾ, ಅಣ್ಣಾ, ಎಲ್ಲರಿಗೂ ಧನ್ಯವಾದ. ಅಕ್ಷರ ಕೆತ್ತಿ ತೆಗೆಯುವುದು ನನಗೆ ಹೊಳೆದೇ ಇರಲಿಲ್ಲ. 'ಶುಭಾಶಯ' ಒಂದನ್ನೇ ಕೆತ್ತಿದೆ. ಸೀಳು ಚಂದ ಬಂದಿದೆ, ಕೊಂಬು ಕೂಡ! ಅಮ್ಮ ಅದನ್ನು ತನ್ನ ಡೈರಿಯ ಮೇಲೆಲ್ಲ ಒತ್ತಿಕೊಂಡಿದ್ದಾಳೆ. ಚಿತ್ತಾರದ ಮಾತು ಒಪ್ಪಿದೆ, ನಾನು ಅದನ್ನು ಅಚ್ಚು ಮಾಡುವುದಿಲ್ಲ.

'ಹುಟ್ಟುಹಬ್ಬದ ಶುಭಾಶಯಗಳು' ಪೂರ್ತಿ ಒಂದು ರಬ್ಬರಿನಲ್ಲಿ ಹಿಡಿಸುವುದಿಲ್ಲ. ಎರಡು ರಬ್ಬರ್ ಜೋಡಿಸಬಹುದಾ? ಕೆತ್ತಿದ್ದನ್ನು ಎತ್ತಿಡುವುದು ಹೇಗೆ?

ಹಾಳೆಟೊಪ್ಪಿ, ಶಿರಸಿ

ಜೋಡಿಸಿದರೆ ನಡುವೆ ಗೆರೆ ಬೀಳುತ್ತದೆ. ಎರಡು ಬೇರೆ ಅಚ್ಚು ಮಾಡು, ಒಂದರ ಕೆಳಗೆ ಒಂದು ಒತ್ತು. 'ಶುಭಾಶಯಗಳು' ಮದುವೆಗೂ ಆಯಿತು, ಗೃಹಪ್ರವೇಶಕ್ಕೂ ಆಯಿತು. ಒಂದೇ ತುಂಡು ಬೇಕು ಅಂದರೆ ಅಚ್ಚು ಕೆತ್ತುವ ಲಿನೋ ಶೀಟ್ ತರಿಸು. ಅದು ಗಟ್ಟಿ, ಕೆತ್ತುವ ಮೊದಲು ಬೆಚ್ಚಗೆ ಮಾಡಿದರೆ ಮೆತ್ತಗಾಗುತ್ತದೆ. ಬಿಸಿಲಿಲ್ಲದಿದ್ದರೆ ಪೇಪರಿನಲ್ಲಿ ಸುತ್ತಿ ಬಿಸಿ ಪಾತ್ರೆಯ ಮುಚ್ಚಳದ ಮೇಲೆ ಸ್ವಲ್ಪ ಹೊತ್ತು ಇಡು.

ರಬ್ಬರ್ ಅಚ್ಚುಗಳನ್ನು ಪ್ಲಾಸ್ಟಿಕ್ ಡಬ್ಬದಲ್ಲಿ ಹಾಗೇ ಹಾಕಬೇಡ. ಪ್ಲಾಸ್ಟಿಕ್ಕಿಗೆ ಕರಗಿ ಅಂಟಿಕೊಳ್ಳುತ್ತವೆ, ಒಂದಕ್ಕೊಂದೂ ಅಂಟುತ್ತವೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಪ್ರತಿಯೊಂದನ್ನೂ ಕಾಗದದಲ್ಲಿ ಸುತ್ತಿ ತಗಡಿನ ಡಬ್ಬದಲ್ಲಿಡು. ಸುತ್ತಿದ ಕಾಗದದ ಮೇಲೆ ಆ ಅಚ್ಚನ್ನೇ ಒಮ್ಮೆ ಒತ್ತಿಬಿಡು, ಹುಡುಕುವಾಗ ಬಿಚ್ಚಿ ನೋಡುವುದು ತಪ್ಪುತ್ತದೆ.